ಮಗುವಿಗಾಗಿ ಕಾಯುತ್ತಿರುವವರಿಗೆ, ಕುಬುಸ ಹೊಲಿಯುವವಳಿಂದ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಎರಡು ಯಂತ್ರ, ಒಂದು ಇಸ್ತ್ರಿ ಮೇಜು, ಅಳತೆ ಬರೆದ ಏಳೆಂಟು ನೋಟ್‌ಪುಸ್ತಕ, ಇಷ್ಟೇ ಬಂಡವಾಳ. ನಮ್ಮ ಕಡೆ ಬಸುರಿಗೆ ಮಾಡುವ ಶಾಸ್ತ್ರಕ್ಕೆ ಕುಬುಸ ಎಂದೇ ಹೆಸರು. ಹಸಿರು ಸೀರೆ, ಹಸಿರು ಬಳೆ, ಹಸಿರು ಕುಬುಸ. ಹನ್ನೊಂದು ವರ್ಷಗಳಲ್ಲಿ ಅಂಥವನ್ನು ಎಷ್ಟು ಹೊಲಿದಿದ್ದೇನೋ ಲೆಕ್ಕ ಇಟ್ಟಿಲ್ಲ. ಅದೇ ಹನ್ನೊಂದು ವರ್ಷ ನನಗೂ ಒಂದು ಬೇಕೆಂದು ಕಾದಿದ್ದೇನೆ. ನಾನು ವೈದ್ಯಳಲ್ಲ, ಮಾತ್ರೆಯ ಹೆಸರು ನನ್ನನ್ನು ಕೇಳಬೇಡಿ. ಆದರೆ ಈ ದಾರಿಯಲ್ಲಿ ಎಲ್ಲಿ ಗುಂಡಿ ಇದೆ ಎಂಬುದು ಬಿದ್ದವಳಿಗೆ ಗೊತ್ತಿರುತ್ತದೆ.

ಸೀಮೆಸುಣ್ಣದ ಗುರುತು ಹಾಕದೆ ಕತ್ತರಿ ಮುಟ್ಟಬೇಡ ಎಂದು ನನಗೆ ಹೊಲಿಗೆ ಕಲಿಸಿದ ಅಕ್ಕ ಹೇಳುತ್ತಿದ್ದರು. ಬಟ್ಟೆಯ ವಿಷಯದಲ್ಲಿ ಆ ಮಾತು ಪಾಲಿಸಿದೆ, ಬದುಕಿನ ವಿಷಯದಲ್ಲಿ ಪಾಲಿಸಲಿಲ್ಲ. ಯಾವಾಗ ಆಸ್ಪತ್ರೆಗೆ ಹೋಗುವುದು, ಎಷ್ಟು ದುಡ್ಡು ಹಾಕುವುದು, ಎಷ್ಟು ಸಲ ಪ್ರಯತ್ನಿಸುವುದು, ಯಾರಿಗೆ ಹೇಳುವುದು, ಯಾವುದನ್ನೂ ನಾವು ಮೊದಲೇ ಕೂತು ಮಾತಾಡಲಿಲ್ಲ.

ಯಾವಾಗ ಹೋಗಬೇಕು ಎಂಬುದಕ್ಕೆ ಗೊಂದಲವೇ ಇಲ್ಲ. ಗರ್ಭನಿರೋಧಕವಿಲ್ಲದೆ 12 ತಿಂಗಳು ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಹೋಗಬೇಕು. ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಮುಟ್ಟಿನ ನೋವಿಗೆ ಏಳಲಾಗದಂತೆ ಮಲಗುವವರಾದರೆ, ಹಿಂದೆ ಕ್ಷಯ ಬಂದು ಹೋಗಿದ್ದರೆ ಅಷ್ಟೂ ಕಾಯಬೇಡಿ. ಕ್ಷಯ ಶ್ವಾಸಕೋಶಕ್ಕಷ್ಟೇ ಬರುವುದಲ್ಲ, ಗರ್ಭನಾಳವನ್ನೂ ಮುಚ್ಚಿಬಿಡಬಲ್ಲದು. ನಾವು ಎಷ್ಟು ಕಾದೆವು ಗೊತ್ತೇ? ನಮ್ಮ ಅತ್ತೆ, "ಮುಂದಿನ ದುಗ್ಗಮ್ಮನ ಜಾತ್ರೆಯೊಳಗೆ ಆಗುತ್ತದೆ ಬಿಡವ್ವಾ" ಎನ್ನುತ್ತಿದ್ದರು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ನಾವು ಎರಡು ಜಾತ್ರೆ ಕಾದೆವು.

ಮೊದಲ ದಿನವೇ ಗಂಡನನ್ನೂ ಕರೆದುಕೊಂಡು ಹೋಗಿ. ಒಂದು ವರ್ಷ ನನ್ನೊಬ್ಬಳ ಹೊಟ್ಟೆಯನ್ನೇ ಸ್ಕ್ಯಾನ್ ಮಾಡಿದರು, ನನಗೊಬ್ಬಳಿಗೇ ಮಾತ್ರೆ ಕೊಟ್ಟರು. ಯಜಮಾನರನ್ನು ಪರೀಕ್ಷೆಗೆ ಕಳಿಸುವ ಮಾತು ತೆಗೆದಾಗ ಅತ್ತೆಯ ಮುಖ ಕಪ್ಪಿಟ್ಟಿತು. ನಿಜ ಹೇಳಬೇಕೆಂದರೆ ಇಬ್ಬರ ಪರೀಕ್ಷೆಗಳಲ್ಲಿ ಸುಲಭದ್ದು ಗಂಡಸಿನದೇ, ಅದರಲ್ಲಿ ಸೂಜಿಯ ಚುಚ್ಚೂ ಇಲ್ಲ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ವೀರ್ಯದ ಮಾದರಿ ಕೊಡಬೇಕು, ಅಷ್ಟೇ. ಲ್ಯಾಬಿನ ಶೌಚಾಲಯದಲ್ಲಿ, ಹೊರಗೆ ಯಾರೋ ಬಾಗಿಲು ತಟ್ಟುತ್ತಿರುವಾಗ ಆಗದು ಎನ್ನುವವರು ಮನೆಯಿಂದ ತರಬಹುದೇ ಎಂದು ಕೇಳಿ. ಲ್ಯಾಬ್‌ನವರೇ ಕೊಟ್ಟ ಡಬ್ಬಿಯಲ್ಲಿ ತೆಗೆದು, ಅದನ್ನು ಅಂಗಿಯ ಒಳಗೆ ಮೈಶಾಖದಲ್ಲಿಟ್ಟುಕೊಂಡು, ಒಂದು ಗಂಟೆಯೊಳಗೆ ಮುಟ್ಟಿಸಬೇಕು. ಒಂದು ವರದಿ ಕೆಟ್ಟದಾಗಿ ಬಂದರೆ ಅದೇ ಕೊನೆಯ ಮಾತಲ್ಲ. ಎರಡನೆಯ ಸಲ ಮಾಡಿಸಲೇಬೇಕು.

ನಮ್ಮ ಯಜಮಾನರ ಕೆಲಸ ಬೆಣ್ಣೆ ದೋಸೆ ಹೋಟೆಲಿನಲ್ಲಿ ಹೆಂಚಿನ ಮುಂದೆ ನಿಲ್ಲುವುದು. ಕಟ್ಟಿಗೆಯ ಒಲೆ, ಸೊಂಟದ ಮಟ್ಟಕ್ಕೆ ಉರಿ, ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ. ವರದಿ ನೋಡಿದ ಡಾಕ್ಟರು ಮೊದಲು ಕೇಳಿದ್ದು, "ಏನು ಕೆಲಸ ಮಾಡುತ್ತೀರಿ?" ಎಂದು. ವೀರ್ಯಾಣು ಹುಟ್ಟುವುದಕ್ಕೆ ಮೈಗಿಂತ ಸ್ವಲ್ಪ ತಂಪು ಬೇಕು, ಅದಕ್ಕಾಗಿಯೇ ದೇವರು ಆ ಭಾಗವನ್ನು ಹೊರಗಿಟ್ಟಿದ್ದಾನೆ ಎಂದು ವಿವರಿಸಿದರು. ಇವರು ನೆಲ ನೋಡುತ್ತಾ ಕೂತಿದ್ದರು. ಒಂದು ಮಿಲಿಲೀಟರ್ ವೀರ್ಯದಲ್ಲಿ 16 ದಶಲಕ್ಷ ವೀರ್ಯಾಣು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಹೇಳುವ ಕೆಳಗಿನ ಅಂಚು. ಇವರದು 7 ಇತ್ತು. ಅಂಚಿನ ಕೆಳಗಿದ್ದರೆ ಮಗು ಆಗುವುದೇ ಇಲ್ಲ ಎಂದಲ್ಲ, ಮೇಲಿದ್ದರೆ ಆಗಿಯೇ ತೀರುತ್ತದೆ ಎಂದೂ ಅಲ್ಲ. ಗುಟ್ಕಾ ಬಿಟ್ಟರು. ಹೋಟೆಲಿನ ಮಾಲೀಕರು ಕಾರಣ ಕೇಳದೆ ಇವರನ್ನು ಪಲ್ಯ ಚಟ್ನಿಯ ಕಡೆಗೆ ಹಾಕಿದರು. ಆ ಪುಣ್ಯಾತ್ಮರಿಗೆ ಕೈಮುಗಿಯುತ್ತೇನೆ. ದಿನಾ ಬರುವ ಗಿರಾಕಿಗಳು ಮಾತ್ರ ದೋಸೆ ಮೊದಲಿನಂತೆ ಗರಿಗರಿ ಇಲ್ಲ ಎಂದು ಗೊಣಗಿದರಂತೆ. ಹೊಸ ವೀರ್ಯಾಣು ತಯಾರಾಗಲು 70 ದಿನಕ್ಕೂ ಮೇಲೆ ಬೇಕು, ಆದ್ದರಿಂದ ಏನೇ ಬದಲಾವಣೆ ಮಾಡಿಕೊಂಡರೂ ಮೂರು ತಿಂಗಳ ಮೊದಲು ಮತ್ತೆ ಪರೀಕ್ಷೆ ಮಾಡಿಸಿ ಬೇಸರಪಟ್ಟುಕೊಳ್ಳಬೇಡಿ. ನಾಲ್ಕು ತಿಂಗಳಿಗೆ ಇವರದು 13ಕ್ಕೆ ಏರಿತು.

ಹೆಂಗಸಿನ ಪರೀಕ್ಷೆಗಳು ಉದ್ದದ ಪಟ್ಟಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಎಎಂಎಚ್ ಎಂಬ ಹಾರ್ಮೋನುಗಳ ರಕ್ತ ಪರೀಕ್ಷೆ, ಸ್ಕ್ಯಾನ್. ಎಎಂಎಚ್ ಅಂಡಗಳ ದಾಸ್ತಾನು ಎಷ್ಟಿದೆ ಎಂದು ಅಂದಾಜು ಹೇಳುತ್ತದೆ, ಗುಣ ಹೇಳುವುದಿಲ್ಲ. ಅದರ ಅಂಕಿ ನೋಡಿ ರಾತ್ರಿಯಿಡೀ ಅಳಬೇಡಿ. ನಾಳ ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌-ರೇ ಮುಟ್ಟು ನಿಂತ ಮೇಲೆ, ಅಂಡ ಬಿಡುಗಡೆಗೆ ಮೊದಲು ಮಾಡುತ್ತಾರೆ. ಕೆಲವರಿಗೆ ಮುಟ್ಟಿನ ನೋವಿನಷ್ಟು, ನನಗೆ ಅದಕ್ಕಿಂತ ಜಾಸ್ತಿಯೇ ನೋವಾಯಿತು. ನೋವಿನ ಮಾತ್ರೆ ಮೊದಲೇ ತೆಗೆದುಕೊಳ್ಳಬಹುದೇ ಎಂದು ಕೇಳಿ, ಪ್ಯಾಡ್ ಒಯ್ಯಿರಿ, ಒಬ್ಬರೇ ಹೋಗಬೇಡಿ. ನಾನು ಒಬ್ಬಳೇ ಹೋಗಿ, ಜಯದೇವ ವೃತ್ತದಲ್ಲಿ ಆಟೋದಿಂದ ಇಳಿದು ಅರ್ಧ ಗಂಟೆ ಫುಟ್‌ಪಾತಿನ ಮೇಲೆ ಕೂತಿದ್ದೆ. ಎಲ್ಲ ವರದಿಗಳನ್ನೂ ತಾರೀಖಿನ ಪ್ರಕಾರ ಒಂದೇ ಚೀಲದಲ್ಲಿಡಿ. ನಾನು ಸೀರೆಯ ಬಟ್ಟೆಯಿಂದ ಒಂದು ಚೀಲ ಹೊಲಿದುಕೊಂಡಿದ್ದೇನೆ. ಡಾಕ್ಟರು ಬದಲಾದಾಗ ಇದ್ದ ಪರೀಕ್ಷೆಗಳನ್ನೇ ಮತ್ತೆ ಮಾಡಿಸುವ ದುಡ್ಡು ಅದರಿಂದ ಉಳಿಯಿತು.

ದುಡ್ಡಿನ ಗುರುತು ಗಟ್ಟಿಯಾಗಿ ಹಾಕಿ. ಕ್ಲಿನಿಕ್ಕಿನಲ್ಲಿ ಹೇಳುವ ಮೊತ್ತದಲ್ಲಿ ಚುಚ್ಚುಮದ್ದು ಸೇರಿದೆಯೇ, ಅರಿವಳಿಕೆ ಸೇರಿದೆಯೇ, ಭ್ರೂಣ ಹೆಪ್ಪುಗಟ್ಟಿಸಿಡುವ ಬಾಡಿಗೆ ಎಷ್ಟು ಎಂದು ಒಂದೊಂದಾಗಿ ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ. ನಾವು ಕೇಳಲಿಲ್ಲ. ವೀರ್ಯವನ್ನು ನೇರ ಗರ್ಭಕೋಶಕ್ಕೆ ಸೇರಿಸುವ ಐಯುಐ ಮೂರು ಸಲ ಆದ ಮೇಲೆ, ಅಂಡವನ್ನು ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡಿ ಒಳಗಿಡುವ ಒಂದು ಐವಿಎಫ್‌ಗೆ ಚೀಟಿ ಎತ್ತಿದ ದುಡ್ಡು, ನನ್ನ ಎರಡು ಬಳೆ, ಎರಡೂ ಹೋದವು. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಇಂಥ ಕ್ಲಿನಿಕ್‌ಗಳು ನೋಂದಣಿ ಮಾಡಿಸಿರಲೇಬೇಕು. ನೋಂದಣಿ ಪತ್ರ ತೋರಿಸಿ ಎನ್ನಲು ಸಂಕೋಚ ಬೇಡ. ಈ ಕಾಯ್ದೆಯಡಿ ಚಿಕಿತ್ಸೆ ಪಡೆಯಲು ಹೆಂಗಸಿಗೆ 50, ಗಂಡಸಿಗೆ 55 ವರ್ಷದೊಳಗಿರಬೇಕು. ಗಂಡು ಮಗುವನ್ನೇ ಕೊಡಿಸುತ್ತೇವೆ ಎಂದು ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಎದ್ದು ಬನ್ನಿ. ಅದು ಅಪರಾಧ, ಅಂಥವರು ಉಳಿದುದರಲ್ಲೂ ನಂಬಿಕೆಗೆ ಅರ್ಹರಲ್ಲ.

ಇಷ್ಟು ಸಲ, ಇಷ್ಟು ರೂಪಾಯಿ, ಆಮೇಲೆ ನಿಲ್ಲಿಸುತ್ತೇವೆ ಎಂದು ಮೊದಲ ಚುಚ್ಚುಮದ್ದಿಗೆ ಮುಂಚೆಯೇ ಬರೆದಿಡಬೇಕು. ಸೋತ ದಿನ ಸಂಜೆ ಆ ಲೆಕ್ಕ ಮಾಡಲು ಕೂತರೆ ಮನೆಯನ್ನೇ ಅಡ ಇಡುವ ಯೋಚನೆ ಬರುತ್ತದೆ. ನಮಗೆ ಬಂದಿತ್ತು.

ಭ್ರೂಣ ಇಟ್ಟ ಮೇಲಿನ ಎರಡು ವಾರ ಇದೆಯಲ್ಲ, ಅದನ್ನು ಕಳೆಯುವುದು ಒಂದು ವಿದ್ಯೆ. ಅಂಗಡಿಯಿಂದ ಕಿಟ್ ತಂದು ಕದ್ದು ಪರೀಕ್ಷೆ ಮಾಡಬೇಡಿ. ಅಂಡ ಬಲಿಯಲೆಂದು ಕೊಟ್ಟ ಎಚ್‌ಸಿಜಿ ಚುಚ್ಚುಮದ್ದಿನ ಅಂಶ ಹತ್ತು ದಿನಕ್ಕೂ ಹೆಚ್ಚು ಮೈಯಲ್ಲಿ ಉಳಿಯಬಹುದು, ಕಿಟ್ ಹುಡುಕುವುದೂ ಅದನ್ನೇ. ಇಲ್ಲದ ಬಸುರಿಗೆ ಎರಡು ಗೆರೆ ಮೂಡಿಬಿಡುತ್ತದೆ. ಎದೆ ಭಾರವಾಗುವುದು, ನಿದ್ದೆ ಬರುವುದು, ಮುಟ್ಟು ತಡವಾಗುವುದು ಗರ್ಭಕ್ಕೆ ಆಸರೆಯಾಗಲೆಂದು ಕೊಡುವ ಪ್ರೊಜೆಸ್ಟಿರಾನ್ ಔಷಧಿಯಿಂದಲೂ ಆಗುತ್ತದೆ. ಡಾಕ್ಟರು ಹೇಳಿದ ದಿನ ರಕ್ತ ಪರೀಕ್ಷೆ, ಅದಕ್ಕೆ ಮೊದಲು ಏನೂ ಇಲ್ಲ. ಹಾಸಿಗೆ ಹಿಡಿದು ಮಲಗಬೇಕಿಲ್ಲ ಎಂದು ನಮ್ಮ ಡಾಕ್ಟರು ಹೇಳಿದ್ದರಿಂದ ನಾನು ಆ ಎರಡು ವಾರ ಗುಂಡಿ ಕಾಜಾ ಮಾಡಿದೆ, ಬರೀ ಕೈಕೆಲಸ. ತಲೆ ಓಡಿಸಬೇಕಿಲ್ಲದ ಕೆಲಸ, ಎಣಿಸುವ ಕೆಲಸ ಒಳ್ಳೆಯದು. ಫಲಿತಾಂಶವನ್ನು ಫೋನಿನಲ್ಲಿ ಯಾರು ಕೇಳುವುದು, ಎಲ್ಲಿ ಕೂತು ಕೇಳುವುದು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ನನಗೆ ಗಿರಾಕಿಯೊಬ್ಬರ ತೋಳಿನ ಅಳತೆ ತೆಗೆಯುವಾಗ ಫೋನ್ ಬಂತು. ನಿಂತಿದೆ ಎಂದರು. ಏಳನೆಯ ವಾರಕ್ಕೆ ಹೋಯಿತು.

ಹಾಗೆ ಹೋದದ್ದಕ್ಕೆ ನಮ್ಮಲ್ಲಿ ಶಾಸ್ತ್ರವಿಲ್ಲ. ಮೂರನೆಯ ದಿನವಿಲ್ಲ, ಹನ್ನೊಂದನೆಯ ದಿನವಿಲ್ಲ, ಮಾತಾಡಿಸಲು ಬರುವವರಿಲ್ಲ. ನಾವಿಬ್ಬರೂ ಕುಂದವಾಡ ಕೆರೆಯ ದಂಡೆಯ ಮೇಲೆ ನಡೆದು, ಒಂದು ಕಡೆ ಕೂತು, ಇವರು ಮೊದಲ ಸಲ ಜೋರಾಗಿ ಅತ್ತರು. ನೀವೂ ಏನಾದರೂ ಒಂದು ಮಾಡಿ, ಗಿಡ ನೆಡಿ, ದೀಪ ಹಚ್ಚಿ, ಏನೂ ಆಗಿಲ್ಲ ಎಂಬಂತೆ ಮಾತ್ರ ಮರುದಿನ ಕೆಲಸಕ್ಕೆ ಹೋಗಬೇಡಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕುವುದೇ ಬೇಡ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ ಅದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ರಾತ್ರಿ ಎರಡು ಗಂಟೆಗೆ ಮಾಡಿದ್ದೆ. ನಾಚಿಕೆಯೇನಿಲ್ಲ.

ಇನ್ನು ಜನ. "ಏನವ್ವಾ, ಏನಾದರೂ ಸುದ್ದಿ ಇದೆಯೇ?" ಎನ್ನುವವರಿಗೆ ಒಂದೇ ಉತ್ತರ ಕಲಿತಿಟ್ಟುಕೊಳ್ಳಿ, ಎಲ್ಲರಿಗೂ ಅದನ್ನೇ ಹೇಳಿ. ನನ್ನದು, "ಇದ್ದಾಗ ಪೇಡೆ ಕಳಿಸುತ್ತೇನೆ ಬಿಡಿ." ವಿವರಿಸಲು ಹೋದರೆ ಕೆಟ್ಟಿರಿ, ಪ್ರತಿಯೊಬ್ಬರ ಬಳಿಯೂ ಒಬ್ಬ ಡಾಕ್ಟರು, ಒಬ್ಬ ದೇವರು, ಒಂದು ಬೇರು ಇರುತ್ತದೆ. ದೇವರಿಗೆ ನನ್ನ ಅಡ್ಡಿಯಿಲ್ಲ. ಅತ್ತೆಯೊಂದಿಗೆ ಗುಡಿಯ ಮರಕ್ಕೆ ತೊಟ್ಟಿಲು ಕಟ್ಟಿ ಬಂದಿದ್ದೇನೆ, ಕಟ್ಟಿದ್ದರಿಂದ ಅವರಿಗೆ ಆರು ತಿಂಗಳು ಸಮಾಧಾನವಿತ್ತು. ಬೇರಿನ ಪುಡಿಗೆ ಮಾತ್ರ ಅಡ್ಡಿಯಿದೆ. ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ ಪುಡಿಯನ್ನು ಚಿಕಿತ್ಸೆಯ ನಡುವೆ ನುಂಗಬೇಡಿ, ನುಂಗಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಬದುಕಿನ ಯಾವುದಾದರೊಂದು ಕಾಲದಲ್ಲಿ ಮಗುವಾಗದ ಈ ತೊಂದರೆಯನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅದನ್ನು ಓದಿದ ದಿನ ನಮ್ಮ ಬೀದಿಯ ಮನೆಗಳನ್ನು ಎಣಿಸಿದೆ. ಯಾರೂ ಬಾಯಿ ಬಿಟ್ಟಿರಲಿಲ್ಲ, ಅಷ್ಟೇ.

ಕುಬುಸಕ್ಕೆ, ತೊಟ್ಟಿಲಿಗೆ ಕರೆದಾಗ ಹೋಗಲೇಬೇಕೆಂದಿಲ್ಲ. ಒಮ್ಮೆ ಹತ್ತಿರದ ಸಂಬಂಧಿಕರ ಮನೆಯಲ್ಲಿ ಆರತಿ ತಟ್ಟೆ ನನ್ನ ಕೈಗೆ ಬರುವಷ್ಟರಲ್ಲಿ ಹಿರಿಯರೊಬ್ಬರು ಅದನ್ನು ನಗುನಗುತ್ತಲೇ ಬೇರೆಯವರಿಗೆ ದಾಟಿಸಿದರು. ಆ ಬಸುರಿಯ ಮೈಮೇಲಿದ್ದ ಕುಬುಸ ನಾನೇ ಹೊಲಿದದ್ದು. ಅಂದಿನಿಂದ ನನ್ನ ಕಟ್ಟಳೆ ಬೇರೆ: ಬೇಕಾದವರ ಮನೆಗೆ ಹಿಂದಿನ ದಿನವೇ ಹೋಗಿ, ಉಡುಗೊರೆ ಕೊಟ್ಟು, ಅಡುಗೆಮನೆಯಲ್ಲಿ ಕೂತು ಮಾತಾಡಿ ಬರುತ್ತೇನೆ. ಶಾಸ್ತ್ರದ ದಿನ ನನಗೆ ಅಂಗಡಿಯಲ್ಲಿ ಕೆಲಸವಿರುತ್ತದೆ.

ಗಂಡ ಹೆಂಡತಿಯ ನಡುವಿನದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ತಾರೀಖು ನೋಡಿ ಕೂಡುವುದು ಶುರುವಾದ ಮೇಲೆ ಮಂಚವೂ ಆಸ್ಪತ್ರೆಯ ಮುಂದುವರಿದ ಭಾಗವಾಗುತ್ತದೆ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಬಲ್ಲದು, ಅಂಡದ ಆಯಸ್ಸು ಹೆಚ್ಚೆಂದರೆ ಒಂದು ದಿನ. ಆದ್ದರಿಂದ ಅಂಡ ಬಿಡುಗಡೆಗೆ ಮುಂಚಿನ ವಾರದಲ್ಲಿ ದಿನ ಬಿಟ್ಟು ದಿನ ಸೇರಿದರೆ ಸಾಕು, ಗಡಿಯಾರ ನೋಡಿ ಇವರನ್ನು ಹೋಟೆಲಿನಿಂದ ಕರೆಸುವ ಹುಚ್ಚು ಬೇಕಿರಲಿಲ್ಲ. ವರ್ಷದಲ್ಲಿ ಎರಡು ಮೂರು ತಿಂಗಳು ಸ್ಕ್ಯಾನ್ ಇಲ್ಲ, ಮಾತ್ರೆ ಇಲ್ಲ, ತಾರೀಖಿಲ್ಲ ಎಂದು ಡಾಕ್ಟರಿಗೆ ಹೇಳಿಯೇ ಬಿಡುವು ತೆಗೆದುಕೊಳ್ಳಿ. ಈ ವಿಷಯದ ಮಾತಿಗೆ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಮಾತ್ರ ಎಂದು ನಾವು ಮಾಡಿಕೊಂಡೆವು. ಆಮೇಲೆ ಖಾರ ಮಂಡಕ್ಕಿ, ಟಿವಿ, ಜಗಳವಾದರೆ ಬೇರೆ ವಿಷಯಕ್ಕೆ.

ನಾವು ಬರೆದಿಡದೇ ಹೋದ ಗುರುತನ್ನು ಕೊನೆಗೆ ಕಳೆದ ವರ್ಷ ಹಾಕಿದೆವು. ಇನ್ನು ಐವಿಎಫ್ ಇಲ್ಲ. ದತ್ತು ತೆಗೆದುಕೊಳ್ಳುವುದೆಂದು ನಿಶ್ಚಯಿಸಿ ಕೇಂದ್ರದ ದತ್ತು ಸಂಪನ್ಮೂಲ ಪ್ರಾಧಿಕಾರದ ಆನ್‌ಲೈನ್ ಜಾಲದಲ್ಲಿ ಹೆಸರು ಬರೆಸಿದೆವು. ಮದುವೆಯಾಗಿ ಎರಡು ವರ್ಷವಾದರೂ ಆಗಿರಬೇಕು. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿ 85 ಮೀರಬಾರದು, ನಾಲ್ಕರೊಳಗಿನ ಮಗುವಿಗೆ 90. ನನಗೆ 37, ಇವರಿಗೆ 43. ಈ ಲೆಕ್ಕ ಗೊತ್ತಿದ್ದರೆ ಮೊದಲೇ ಹೆಸರು ಬರೆಸುತ್ತಿದ್ದೆವು, ಏಕೆಂದರೆ ಸರದಿ ಉದ್ದವಿದೆ. ನಡುವೆ ಒಬ್ಬರು, "ಇಷ್ಟೆಲ್ಲ ಏಕೆ, ಹೆರಿಗೆಯಾದ ಕೂಡಲೇ ಒಂದು ಮಗು ಕೊಡಿಸುತ್ತೇನೆ" ಎಂದು ಬಂದಿದ್ದರು. ಬೇಡವೇ ಬೇಡ. ಅದು ಮಗು ಮಾರಾಟ. ಮಗುವಿನ ತಾಯಿಗೂ ಅನ್ಯಾಯ, ಮುಂದೆ ನಿಮ್ಮ ಮಡಿಲಿನಿಂದ ಎತ್ತಿಕೊಂಡು ಹೋದರೂ ಕೇಳುವ ಹಕ್ಕಿರುವುದಿಲ್ಲ.

ಮನೆ ನೋಡಲು ಸಮಾಜ ಕಾರ್ಯಕರ್ತೆಯೊಬ್ಬರು ಬರುತ್ತಾರೆ. ಬೆಳ್ಳಿ ಲೋಟ ಹೊರತೆಗೆಯಬೇಡಿ, ಮನೆ ಇದ್ದ ಹಾಗೆ ಇರಲಿ. ಸಂಬಳದ ಚೀಟಿ, ವೈದ್ಯಕೀಯ ಪ್ರಮಾಣಪತ್ರ, ಮದುವೆಯ ದಾಖಲೆ ಕೈಗೆಟಕುವಂತಿರಲಿ. ನಮ್ಮ ಮನೆಗೆ ಬಂದವರು ಅತ್ತೆಯನ್ನೂ ಕೂರಿಸಿಕೊಂಡು, ಯಾರದೋ ಮಗು ಎನ್ನಿಸುವುದಿಲ್ಲವೇ ಎಂದು ಕೇಳಿದರು. ಅತ್ತೆ, "ಎತ್ತಿಕೊಂಡ ಮೇಲೆ ಯಾರದವ್ವಾ?" ಎಂದರು. ಆಮೇಲೆ ಆ ಕಾರ್ಯಕರ್ತೆ ಹೊಲಿಗೆಯ ಕೋಣೆ ನೋಡಿ, ನೆಲದ ಮೇಲಿದ್ದ ಸೂಜಿ ಡಬ್ಬಿ ತೋರಿಸಿ, ಅಂಬೆಗಾಲಿಡುವ ಮಗು ಬಂದರೆ ಇವೆಲ್ಲ ಮೇಲಿರಬೇಕು ಎಂದರು. ಅಂದು ಸಂಜೆಯೇ ಇವರು ನನ್ನ ಅಳತೆ ಟೇಪು ಹಿಡಿದು ಗೋಡೆಗೆ ಹಲಗೆ ಹೊಡೆದರು. ಎಷ್ಟು ಎತ್ತರಕ್ಕೆ ಹೊಡೆದಿದ್ದಾರೆಂದರೆ, ಈಗ ಒಂದು ಸೂಜಿ ಬೇಕಾದರೂ ನಾನು ಸ್ಟೂಲ್ ಹತ್ತಬೇಕು.