ಮಂಡಿ ಲೆಕ್ಕದ ಡಿಬಿಎಫ್ ಕಡತ ಮತ್ತು ಎಕ್ಸ್‌ಎಂಎಲ್: ಒಂದರಿಂದ ಇನ್ನೊಂದಕ್ಕೆ ತಪ್ಪಿಲ್ಲದೆ ಸಾಗಿಸುವ ಕ್ರಮ

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ನಾನು ಲೆಕ್ಕ ನೋಡಿಕೊಳ್ಳುವ ಟೊಮೆಟೊ ಮಂಡಿಗಳಲ್ಲಿ ಎರಡು ಕಾಲದ ಗಣಕ ವ್ಯವಸ್ಥೆಗಳು ಒಂದೇ ಮೇಜಿನ ಮೇಲಿವೆ. ಹರಾಜು ಮುಗಿದ ಕೂಡಲೇ ರೈತರಿಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಹಾಕಿಕೊಡುವುದು ಹಳೆಯ ಫಾಕ್ಸ್‌ಪ್ರೋ ತಂತ್ರಾಂಶ. ಅದು ತನ್ನ ಲೆಕ್ಕವನ್ನೆಲ್ಲ ಡಿಬಿಎಫ್ ಕಡತಗಳಲ್ಲಿ ಇಡುತ್ತದೆ. ತಿಂಗಳ ಕೊನೆಗೆ ಲೆಕ್ಕಪರಿಶೋಧಕರು ಕೇಳುವುದು ಮಾತ್ರ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶಕ್ಕೆ ಸೇರಿಸಬಹುದಾದ ಎಕ್ಸ್‌ಎಂಎಲ್ ದಾಖಲೆಯನ್ನು, ಅಂದರೆ ಪ್ರತಿ ಮಾಹಿತಿಯನ್ನೂ ಅದರ ಹೆಸರು ಹೇಳುವ ಟ್ಯಾಗುಗಳ ನಡುವೆ ಇಟ್ಟು ಬರೆದ ಪಠ್ಯ ಕಡತವನ್ನು. ಹೊರಗಿನ ಖರೀದಿದಾರರು ಕಳುಹಿಸುವ ವಿವರವೂ ಒಮ್ಮೊಮ್ಮೆ ಎಕ್ಸ್‌ಎಂಎಲ್‌ನಲ್ಲೇ ಬರುತ್ತದೆ, ಅದನ್ನು ಹಳೆಯ ತಂತ್ರಾಂಶದೊಳಗೆ ಇಳಿಸಬೇಕಾಗುತ್ತದೆ. ಈ ಕೆಲಸಕ್ಕೆ ತಂತ್ರಾಂಶಗಳು ಬೇಕಾದಷ್ಟಿವೆ. ಆದರೆ ಯಾವ ಅಂಕಣ ಎಲ್ಲಿಗೆ ಹೋಗಬೇಕು, ಎಷ್ಟು ಅಗಲ ಬೇಕು ಎಂಬುದನ್ನು ನಾವು ಮೊದಲೇ ಕಾಗದದ ಮೇಲೆ ತೀರ್ಮಾನಿಸದಿದ್ದರೆ ಎಂಥ ತಂತ್ರಾಂಶವೂ ಸರಿಯಾದ ಲೆಕ್ಕ ಕೊಡುವುದಿಲ್ಲ. ರೈತನ ಬೆವರಿನ ಹಣ ಆ ಅಂಕಿಗಳಲ್ಲಿದೆ, ಆದ್ದರಿಂದ ಈ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಎರಡೂ ರೂಪಗಳ ಸ್ವಭಾವವನ್ನು ಮೊದಲು ತಿಳಿದಿರಬೇಕು. ಡಿಬಿಎಫ್ ಎಂಬುದು 1980ರ ದಶಕದ ಡಿಬೇಸ್ ತಂತ್ರಾಂಶದಿಂದ ಬಂದ ರೂಪ, ಗೆರೆ ಹೊಡೆದ ಖಾತೆ ಪುಸ್ತಕದಂತೆ. ಕಡತದ ಆರಂಭದಲ್ಲಿ 32 ಬೈಟುಗಳ ಶಿರೋಭಾಗ, ಅದರ ನಂತರ ಪ್ರತಿ ಅಂಕಣಕ್ಕೂ 32 ಬೈಟುಗಳ ವಿವರಣೆ, ಆಮೇಲೆ ಒಂದೇ ಅಳತೆಯ ಸಾಲುಗಳು. ಅಂಕಣದ ಹೆಸರು 10 ಅಕ್ಷರ ಮೀರುವಂತಿಲ್ಲ. ಪಠ್ಯದ ಅಂಕಣ 254 ಬೈಟು ಮೀರುವಂತಿಲ್ಲ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ 1998ರಲ್ಲಿ ಶಿಫಾರಸಾಗಿ ಹೊರತಂದ ಎಕ್ಸ್‌ಎಂಎಲ್‌ನಲ್ಲಿ ಅಗಲದ ಕಟ್ಟುಪಾಡಿಲ್ಲ, ಒಂದರೊಳಗೆ ಇನ್ನೊಂದನ್ನು ಎಷ್ಟು ಆಳಕ್ಕಾದರೂ ಇಡಬಹುದು, ಟ್ಯಾಗುಗಳ ಹೆಸರನ್ನು ಕನ್ನಡದಲ್ಲೇ ಕೊಡಬಹುದು. ಅಗಲ ನಿಗದಿಯಾದ ಕಡೆಯಿಂದ ಅಗಲವಿಲ್ಲದ ಕಡೆಗೆ ಹೋಗುವುದು ಸುಲಭ, ಹಿಂದಿರುಗುವ ದಾರಿಯೇ ಕಷ್ಟದ್ದು.

ಕೆಲಸ ಶುರು ಮಾಡುವ ಮುನ್ನ ಮೂಲ ಕಡತದ ಪ್ರತಿ ಮಾಡಿಕೊಂಡು ಆ ಪ್ರತಿಯ ಮೇಲೆಯೇ ಕೆಲಸ ಮಾಡಿ. ಡಿಬಿಎಫ್ ಒಂದನ್ನೇ ಪ್ರತಿ ಮಾಡಿದರೆ ಸಾಲದು. ಉದ್ದನೆಯ ಟಿಪ್ಪಣಿಗಳಿರುವ ಮೆಮೊ ಅಂಕಣವಿದ್ದರೆ ಅದರ ಪಠ್ಯ ಅದೇ ಹೆಸರಿನ ಬೇರೊಂದು ಕಡತದಲ್ಲಿರುತ್ತದೆ. ಡಿಬೇಸ್‌ನಲ್ಲಿ ಅದಕ್ಕೆ ಡಿಬಿಟಿ ಎಂಬ ವಿಸ್ತರಣೆ, ಫಾಕ್ಸ್‌ಪ್ರೋದಲ್ಲಿ ಎಫ್‌ಪಿಟಿ. ಅದನ್ನು ಬಿಟ್ಟು ಬಂದರೆ ಕಡತ ತೆರೆಯುವುದೇ ಇಲ್ಲ, ಇಲ್ಲವೇ ಟಿಪ್ಪಣಿಗಳು ಖಾಲಿಯಾಗಿ ಬರುತ್ತವೆ.

ಇನ್ನೊಂದು ಸಂಗತಿಯನ್ನು ನಾನು ಪೆಟ್ಟು ತಿಂದು ಕಲಿತೆ. ಡಿಬಿಎಫ್‌ನಲ್ಲಿ ಒಂದು ಸಾಲನ್ನು ಅಳಿಸಿದರೆ ಅದು ನಿಜವಾಗಿ ಅಳಿಯುವುದಿಲ್ಲ. ಸಾಲಿನ ಮೊದಲ ಬೈಟಿನಲ್ಲಿ ಖಾಲಿ ಜಾಗದ ಬದಲು ನಕ್ಷತ್ರ ಚಿಹ್ನೆ ಬೀಳುತ್ತದೆ, ಅಷ್ಟೇ. ಪ್ಯಾಕ್ ಆದೇಶ ಕೊಡುವವರೆಗೆ ಸಾಲು ಕಡತದಲ್ಲೇ ಕುಳಿತಿರುತ್ತದೆ. ಮೊದಲ ಸಲ ಪರಿವರ್ತನೆ ಮಾಡಿದಾಗ ನಾನು ಬಳಸಿದ ಸಾಧನ ಆ ಚಿಹ್ನೆಯನ್ನು ನೋಡದೆ ಎಲ್ಲ ಸಾಲುಗಳನ್ನೂ ಎಕ್ಸ್‌ಎಂಎಲ್‌ಗೆ ತಂದಿತು. ಮಂಡಿಯವರು ರದ್ದು ಮಾಡಿದ್ದ ಪಟ್ಟಿಗಳೆಲ್ಲ ಜೀವ ಪಡೆದು ಟ್ಯಾಲಿಯಲ್ಲಿ ನಿಂತವು, ತಿಂಗಳ ಮೊತ್ತ ಖಾತೆ ಪುಸ್ತಕಕ್ಕಿಂತ ಹೆಚ್ಚಾಯಿತು, ಎರಡು ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ನಿಮ್ಮ ಸಾಧನ ಅಳಿಸಿದ ಸಾಲುಗಳನ್ನು ಏನು ಮಾಡುತ್ತದೆ ಎಂಬುದನ್ನು ಐದಾರು ಸಾಲುಗಳ ಪುಟ್ಟ ಕಡತದಲ್ಲಿ ಪರೀಕ್ಷಿಸಿ ನೋಡದೆ ಮುಂದೆ ಹೋಗಬೇಡಿ.

ಈಗ ಹೊಂದಾಣಿಕೆಯ ಕೋಷ್ಟಕ. ಒಂದು ಹಾಳೆಯಲ್ಲಿ ಎಡಕ್ಕೆ ಎಕ್ಸ್‌ಎಂಎಲ್ ಟ್ಯಾಗಿನ ಹೆಸರು, ಬಲಕ್ಕೆ ಡಿಬಿಎಫ್ ಅಂಕಣದ ಹೆಸರು, ಅದರ ಬಗೆ, ಅಗಲ, ದಶಾಂಶ ಸ್ಥಾನಗಳನ್ನು ಬರೆಯಿರಿ. ಅಗಲದ ವಿಷಯದಲ್ಲಿ ಕನ್ನಡಿಗರಾದ ನಾವು ವಿಶೇಷವಾಗಿ ಎಚ್ಚರವಾಗಿರಬೇಕು, ಏಕೆಂದರೆ ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಸಂಕೇತಾಕ್ಷರಕ್ಕೂ 3 ಬೈಟು ಬೇಕು, ಮತ್ತು ಗುಣಿತದ ಚಿಹ್ನೆ, ಒತ್ತಕ್ಷರದ ಹಲಂತ ಇವೆಲ್ಲ ಬೇರೆ ಬೇರೆ ಸಂಕೇತಾಕ್ಷರಗಳಾಗಿ ಎಣಿಕೆಯಾಗುತ್ತವೆ. ಊರಿನ ಹೆಸರಿಗೆ 20 ಬೈಟುಗಳ ಅಂಕಣವಿದೆ ಎಂದುಕೊಳ್ಳಿ. ‘ಕೋಲಾರ’ 15 ಬೈಟು, ‘ವೇಮಗಲ್’ 18 ಬೈಟು, ಎರಡೂ ಹಿಡಿಯುತ್ತವೆ. ‘ಮುಳಬಾಗಿಲು’ 27 ಬೈಟು, ‘ಶ್ರೀನಿವಾಸಪುರ’ 36 ಬೈಟು, ಇವೆರಡೂ ಹಿಡಿಯುವುದಿಲ್ಲ. ಶ್ರೀನಿವಾಸಪುರ ಕತ್ತರಿಸಿ ‘ಶ್ರೀನಿ’ ಎಂದು ಉಳಿಯುತ್ತದೆ, ಅದರ ಬೆನ್ನಿಗೆ ‘ವ’ ಅಕ್ಷರದ ಮುರಿದ ಎರಡು ಬೈಟುಗಳು ಅಂಟಿಕೊಂಡಿರುತ್ತವೆ. ಆ ಮುರಿದ ತುಂಡಿರುವ ಕಡತವನ್ನು ಮುಂದೆ ಎಕ್ಸ್‌ಎಂಎಲ್ ಮಾಡಹೊರಟರೆ ಓದುವ ಸಾಧನ ಅಲ್ಲಿಯೇ ದೋಷ ತೋರಿಸಿ ನಿಲ್ಲುತ್ತದೆ. ಆದ್ದರಿಂದ ಕನ್ನಡ ಪಠ್ಯದ ಅಂಕಣಗಳಿಗೆ ಕಣ್ಣಿಗೆ ಕಾಣುವ ಅಕ್ಷರಗಳ ಲೆಕ್ಕ ಬಿಟ್ಟು ಬೈಟಿನ ಲೆಕ್ಕದಲ್ಲಿ ಅಗಲ ಕೊಡಿ. ಅಂಕಣಗಳ ಹೆಸರನ್ನೂ ಕನ್ನಡದಲ್ಲಿ ಇಡಲು ಹೋಗಬೇಡಿ: 10 ಬೈಟಿನಲ್ಲಿ ಮೂರೇ ಸಂಕೇತಾಕ್ಷರ ಹಿಡಿಯುತ್ತವೆ.

ಅಂಕಿಗಳ ಅಂಕಣದಲ್ಲಿ ಅಗಲವೆಂದರೆ ಚುಕ್ಕಿಯನ್ನೂ ಸೇರಿಸಿ. ಅಗಲ 6, ದಶಾಂಶ 2 ಎಂದು ಹಿಂದೆ ಯಾರೋ ಕೊಟ್ಟಿದ್ದ ದರದ ಅಂಕಣಕ್ಕೆ 999.99 ರೂಪಾಯಿಯೇ ಗರಿಷ್ಠ. 15 ಕಿಲೋ ಬಾಕ್ಸು ಕೆಲವು ನೂರು ರೂಪಾಯಿಗೆ ಹೋಗುತ್ತಿದ್ದ ಕಾಲದಲ್ಲಿ ಅದು ಸಾಕಾಗಿತ್ತು. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ಅಂಥ ಅಂಕಣಕ್ಕೆ ಆ ದರ ಹಿಡಿಯುವಂತಿರಲಿಲ್ಲ. ಇಂಥ ಸಂದರ್ಭದಲ್ಲಿ ಕೆಲವು ಸಾಧನಗಳು ದಶಾಂಶ ಕಡಿತ ಮಾಡುತ್ತವೆ, ಕೆಲವು ಅಂಕಿಯ ಜಾಗದಲ್ಲಿ ನಕ್ಷತ್ರಗಳನ್ನು ತುಂಬುತ್ತವೆ, ಕೆಲವು ದೋಷ ತೋರಿಸಿ ನಿಲ್ಲುತ್ತವೆ. ದೋಷ ತೋರಿಸಿ ನಿಲ್ಲುವ ಸಾಧನವನ್ನೇ ಆರಿಸಿಕೊಳ್ಳಿ; ಅದು ತೊಂದರೆ ಕೊಟ್ಟಂತೆ ಕಂಡರೂ ಸುಳ್ಳು ಲೆಕ್ಕ ಕೊಡುವುದಿಲ್ಲ.

ಬ್ಯಾಂಕ್ ಖಾತೆ ಸಂಖ್ಯೆಯನ್ನೂ ಮೊಬೈಲ್ ಸಂಖ್ಯೆಯನ್ನೂ ಅಂಕಿಯೆಂದು ಬಗೆಯದೆ ಪಠ್ಯವೆಂದೇ ಇಡಿ. ಅಂಕಿಯಾಗಿ ಇಟ್ಟರೆ ಆರಂಭದಲ್ಲಿರುವ ಸೊನ್ನೆಗಳು ಮಾಯವಾಗುತ್ತವೆ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನಿಖರವಾಗಿ ಹಿಡಿದಿಡುವುದರಿಂದ ಅದಕ್ಕಿಂತ ಉದ್ದದ ಖಾತೆ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಯಾಗಿಬಿಡುತ್ತವೆ. ದಿನಾಂಕ ಡಿಬಿಎಫ್‌ನಲ್ಲಿ 20240715 ಎಂದು ಎಂಟು ಅಂಕಿಗಳಲ್ಲಿ ಇರುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಸಾಮಾನ್ಯವಾಗಿ 2024-07-15 ಎಂದು ಬರೆಯುತ್ತಾರೆ. ಟ್ಯಾಲಿ ಮಾತ್ರ ಡಿಬಿಎಫ್‌ನಂತೆಯೇ ಎಂಟು ಅಂಕಿಗಳನ್ನು ಕೇಳುತ್ತದೆ. ಮಧ್ಯದಲ್ಲಿ ಎಲ್ಲಿಯೂ 05-06-2024 ಎಂಬಂಥ ರೂಪಕ್ಕೆ ಅವಕಾಶ ಕೊಡಬೇಡಿ, ಅದು ಜೂನ್ ಐದೋ ಮೇ ಆರೋ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಒಳಗಿನ ರಚನೆಯನ್ನು ಬಿಡಿಸುವ ಕೆಲಸ. ಈ ಪುಟ್ಟ ಪಟ್ಟಿಯನ್ನು ನೋಡಿ:

<ಪಟ್ಟಿ ಸಂಖ್ಯೆ="412">
  <ದಿನಾಂಕ>2024-07-15</ದಿನಾಂಕ>
  <ಊರು>ವೇಮಗಲ್</ಊರು>
  <ಲಾಟು><ಬಾಕ್ಸು>40</ಬಾಕ್ಸು><ದರ>520.00</ದರ></ಲಾಟು>
  <ಲಾಟು><ಬಾಕ್ಸು>25</ಬಾಕ್ಸು><ದರ>460.00</ದರ></ಲಾಟು>
  <ಸಾಗಣೆ>650.00</ಸಾಗಣೆ>
</ಪಟ್ಟಿ>

ಒಬ್ಬ ರೈತ, ಒಂದು ಪಟ್ಟಿ, ಎರಡು ಲಾಟು (ಒಂದೇ ದರಕ್ಕೆ ಹೋದ ಬಾಕ್ಸುಗಳ ಗುಂಪು). ಮಾಲಿನ ಬೆಲೆ 20,800 ಮತ್ತು 11,500, ಒಟ್ಟು 32,300 ರೂಪಾಯಿ, ಸಾಗಣೆ 650. ಇದನ್ನು ಒಂದೇ ಡಿಬಿಎಫ್‌ಗೆ ಚಪ್ಪಟೆಯಾಗಿ ಇಳಿಸಿದರೆ ಲಾಟಿಗೊಂದರಂತೆ ಎರಡು ಸಾಲು ಬರುತ್ತವೆ, ಸಾಗಣೆಯ 650 ಎರಡೂ ಸಾಲುಗಳಲ್ಲಿ ಕೂರುತ್ತದೆ. ಆ ಅಂಕಣವನ್ನು ಕೂಡಿದರೆ 1,300 ರೂಪಾಯಿ! ರೈತನ ಲೆಕ್ಕದಿಂದ 650 ರೂಪಾಯಿ ಸುಮ್ಮನೆ ಕಡಿತವಾದಂತೆ. ಆದ್ದರಿಂದ ಎರಡು ಕಡತ ಮಾಡಿ. ಮೊದಲನೆಯದರಲ್ಲಿ ಪಟ್ಟಿಗೊಂದು ಸಾಲು: ಸಂಖ್ಯೆ, ದಿನಾಂಕ, ಊರು, ಸಾಗಣೆ. ಎರಡನೆಯದರಲ್ಲಿ ಲಾಟಿಗೊಂದು ಸಾಲು: ಪಟ್ಟಿ ಸಂಖ್ಯೆ, ಲಾಟಿನ ಕ್ರಮ, ಬಾಕ್ಸು, ದರ. ಎರಡನ್ನೂ ಬೆಸೆಯುವುದು ಪಟ್ಟಿ ಸಂಖ್ಯೆ. ಲಾಟಿನ ಕ್ರಮವನ್ನು ಬಿಡಬೇಡಿ. ಎಕ್ಸ್‌ಎಂಎಲ್‌ನಲ್ಲಿ ಕ್ರಮ ತಾನಾಗಿಯೇ ಉಳಿಯುತ್ತದೆ, ಡಿಬಿಎಫ್‌ನಲ್ಲಿ ಬರೆದಿಟ್ಟರೆ ಮಾತ್ರ ಉಳಿಯುತ್ತದೆ. ಹಿಂದಿರುಗಿ ಎಕ್ಸ್‌ಎಂಎಲ್ ಮಾಡುವಾಗ ಲಾಟುಗಳ ಕಡತವನ್ನು ಪಟ್ಟಿ ಸಂಖ್ಯೆ ಮತ್ತು ಕ್ರಮದ ಪ್ರಕಾರ ಜೋಡಿಸಿಕೊಂಡು ಒಂದೊಂದು ಪಟ್ಟಿಯೊಳಗೆ ಅದರ ಲಾಟುಗಳನ್ನು ಇಡುತ್ತಾ ಹೋಗಬೇಕು.

ಸಾಧನಗಳ ವಿಷಯ. ಕಡತ ಚಿಕ್ಕದಿದ್ದು ಒಳರಚನೆ ಇಲ್ಲದಿದ್ದರೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ಸಾಕು. ಅದು ಡಿಬಿಎಫ್ ತೆರೆಯುವಾಗ ಅಕ್ಷರ ಸಂಕೇತ ಯಾವುದೆಂದು ಕೇಳುತ್ತದೆ, ಡಿಬಿಎಫ್ ಆಗಿ ಉಳಿಸುವುದನ್ನೂ ಬಲ್ಲದು. ಅಂಕಣದ ಶೀರ್ಷಿಕೆಯಲ್ಲಿಯೇ ಹೆಸರು, ಬಗೆ, ಅಗಲಗಳನ್ನು ಅಲ್ಪವಿರಾಮ ಹಾಕಿ ಬರೆದರೆ ಅದರಂತೆಯೇ ಕಡತ ರಚಿಸುತ್ತದೆ. ಎಕ್ಸೆಲ್ ಡಿಬಿಎಫ್ ತೆರೆಯುತ್ತದಾದರೂ 2007ರ ಆವೃತ್ತಿಯಿಂದ ಈಚೆಗೆ ಡಿಬಿಎಫ್ ಆಗಿ ಉಳಿಸುವುದಿಲ್ಲ. ವಿಷುಯಲ್ ಫಾಕ್ಸ್‌ಪ್ರೋ 7 ಅಥವಾ ಮುಂದಿನ ಆವೃತ್ತಿ ನಿಮ್ಮಲ್ಲಿದ್ದರೆ ಕರ್ಸರ್‌ಟುಎಕ್ಸ್‌ಎಂಎಲ್ ಮತ್ತು ಎಕ್ಸ್‌ಎಂಎಲ್‌ಟುಕರ್ಸರ್ ಎಂಬ ಎರಡು ಆದೇಶಗಳು ಅದರಲ್ಲೇ ಇವೆ. ಆದರೆ ಅದರ ಕೊನೆಯ ಆವೃತ್ತಿಗೂ ಮೈಕ್ರೋಸಾಫ್ಟ್ ಬೆಂಬಲ 2015ರ ಜನವರಿಯಲ್ಲಿ ಮುಗಿದಿದೆ, ಹಾಗಾಗಿ ಹೊಸ ಕೆಲಸವನ್ನು ಅದರ ಮೇಲೆ ಕಟ್ಟಬೇಡಿ ಎಂಬುದು ನನ್ನ ಸಲಹೆ. ಪ್ರತಿ ತಿಂಗಳೂ ಮಾಡಬೇಕಾದ ಕೆಲಸಕ್ಕೆ ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನಷ್ಟು ಅನುಕೂಲವಾದದ್ದನ್ನು ನಾನು ಕಂಡಿಲ್ಲ. ಡಿಬಿಎಫ್ ಓದಲು ಡಿಬಿಎಫ್‌ರೀಡ್, ಬರೆಯಲು ಡಿಬಿಎಫ್ ಎಂಬ ಗ್ರಂಥಾಲಯ (ಸಿದ್ಧ ಆದೇಶಗಳ ಕಟ್ಟು), ಎಕ್ಸ್‌ಎಂಎಲ್‌ಗೆ ಪೈಥಾನ್ ಜೊತೆಗೇ ಬರುವ ಎಲಿಮೆಂಟ್‌ಟ್ರೀ. ಡಿಬಿಎಫ್‌ರೀಡ್ ಅಳಿಸಿದ ಸಾಲುಗಳನ್ನು ಬೇರೆಯಾಗಿಯೇ ಇಡುತ್ತದೆ. ಕಡತ ತುಂಬಾ ದೊಡ್ಡದಿದ್ದರೆ ಎಲಿಮೆಂಟ್‌ಟ್ರೀಯ ಇಟರ್‌ಪಾರ್ಸ್ ಬಳಸಿ ತುಂಡು ತುಂಡಾಗಿ ಓದಬಹುದು.

ಹಳೆಯ ಕಡತದಲ್ಲಿ ಕನ್ನಡ ಪಠ್ಯವಿದ್ದರೆ ಅದು ಯೂನಿಕೋಡ್ ಆಗಿರದೆ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯದ್ದಾಗಿರುವ ಸಾಧ್ಯತೆ ಹೆಚ್ಚು. ಅದನ್ನು ಹಾಗೆಯೇ ಎಕ್ಸ್‌ಎಂಎಲ್‌ಗೆ ತಂದರೆ ರೈತರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಕಾಣುತ್ತವೆ. ಮೊದಲು ಪಠ್ಯದ ಅಂಕಣಗಳನ್ನಷ್ಟೇ ಯೂನಿಕೋಡಿಗೆ ಬದಲಿಸಿ, ಆಮೇಲೆ ಎಕ್ಸ್‌ಎಂಎಲ್ ಮಾಡಿ. ಇಡೀ ಕಡತವನ್ನು ಒಮ್ಮೆಲೇ ಬದಲಿಸಿದರೆ ಇಂಗ್ಲಿಷಿನಲ್ಲಿದ್ದ ಸಂಕೇತಗಳೂ ಕೆಡುತ್ತವೆ.

ವ್ಯಾಪಾರಿಗಳ ಹೆಸರಿನಲ್ಲಿ ಬರುವ & ಚಿಹ್ನೆ ಎಕ್ಸ್‌ಎಂಎಲ್‌ನಲ್ಲಿ ಹಾಗೆಯೇ ಇರುವಂತಿಲ್ಲ, &#38; ಎಂದು ಬರೆಯಬೇಕು; ಒಳ್ಳೆಯ ಸಾಧನ ಇದನ್ನು ತಾನೇ ಮಾಡುತ್ತದೆ, ಪಠ್ಯವನ್ನು ಕೈಯಿಂದ ಅಂಟಿಸಿ ಕಟ್ಟುವವರು ಇಲ್ಲಿ ಎಡವುತ್ತಾರೆ. ಟ್ಯಾಲಿಯಿಂದ ಹೊರತೆಗೆದ ಎಕ್ಸ್‌ಎಂಎಲ್‌ನಲ್ಲಿ &#4; ಎಂಬ ಗುರುತು ಅಲ್ಲಲ್ಲಿ ಇರುತ್ತದೆ. ಎಕ್ಸ್‌ಎಂಎಲ್ 1.0ರ ನಿಯಮದಂತೆ ಅದಕ್ಕೆ ಅವಕಾಶವಿಲ್ಲವಾದ್ದರಿಂದ ಓದುವ ಸಾಧನ ಮೊದಲ ಗುರುತಿನಲ್ಲೇ ನಿಂತುಬಿಡುತ್ತದೆ. ಓದಿಸುವ ಮುನ್ನ ಅದನ್ನು ತೆಗೆದುಹಾಕಿ. ಟ್ಯಾಲಿಗೆ ಕಳುಹಿಸುವಾಗ ಡೆಬಿಟ್ ಮೊತ್ತಕ್ಕೆ ಋಣ ಚಿಹ್ನೆ ಬೇಕು, ಖಾತೆಯ ಹೆಸರು ಟ್ಯಾಲಿಯಲ್ಲಿರುವ ಹೆಸರಿನೊಂದಿಗೆ ಹೊಂದಬೇಕು. ರಚನೆಯನ್ನು ಊಹಿಸುವುದಕ್ಕಿಂತ ಟ್ಯಾಲಿಯಲ್ಲಿ ಒಂದು ವೋಚರ್ ಕೈಯಿಂದ ನಮೂದಿಸಿ, ಅದನ್ನು ಎಕ್ಸ್‌ಎಂಎಲ್ ಆಗಿ ಹೊರತೆಗೆದು, ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳುವುದು ಉತ್ತಮ.

ಪರಿವರ್ತನೆ ಮುಗಿದ ಮೇಲೆ ಮೂರು ಅಂಕಿಗಳನ್ನು ಎರಡೂ ಕಡೆ ಎಣಿಸಿ ತಾಳೆ ನೋಡಿ: ಪಟ್ಟಿಗಳು ಎಷ್ಟು, ಬಾಕ್ಸುಗಳು ಎಷ್ಟು, ಹಣ ಎಷ್ಟು. ಆಮೇಲೆ ಬಂದ ಕಡತವನ್ನು ಮೂಲರೂಪಕ್ಕೆ ಹಿಂದಿರುಗಿಸಿ, ಮೊದಲಿನ ಪ್ರತಿಯೊಂದಿಗೆ ಸಾಲು ಸಾಲಾಗಿ ಹೋಲಿಸಿ. ಮೂರು ಮೊತ್ತಗಳೂ ಸರಿಯಿದ್ದು ಊರಿನ ಹೆಸರು ಮಾತ್ರ ಕತ್ತರಿಸಿಹೋಗಿರುವ ತಪ್ಪು ಈ ಹೋಲಿಕೆಯಲ್ಲಿ ಮಾತ್ರ ಸಿಗುತ್ತದೆ. ತಾಳೆಯಾದ ಮೂರು ಅಂಕಿಗಳನ್ನು ಹೊಂದಾಣಿಕೆಯ ಕೋಷ್ಟಕ ಬರೆದ ಅದೇ ಹಾಳೆಯ ಕೆಳಗೆ ದಿನಾಂಕದೊಂದಿಗೆ ಬರೆದು, ಹಾಳೆಯನ್ನು ಮಂಡಿಯ ಆ ತಿಂಗಳ ಕಡತದಲ್ಲೇ ಇಡಿ. ಮುಂದಿನ ತಿಂಗಳು ಯಾರೇ ಈ ಕೆಲಸಕ್ಕೆ ಕುಳಿತರೂ ಅವರು ಮೊದಲು ನೋಡಬೇಕಾದದ್ದು ಅದನ್ನೇ.