ಎಂಎಂಎ ಕಲಿಯೋಕೆ ಹೊರಟಿದ್ದೀರಾ? ಮೊದಲು ಕೆಳಗಿಂದ ಏಳೋದು ಕಲಿಯಿರಿ

ಎಂಎಂಎ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್, ಕಲಿಯೋಕೆ ಬರುವ ಹೊಸಬರನ್ನು ಏನು ಕಲಿಯಬೇಕು ಅಂತ ಕೇಳಿ ನೋಡಿ. ತಲೆಗೆ ಬೀಸುವ ಒದೆ, ಎದುರಾಳಿಯ ಮೊಣಕೈ ಹಿಂದಕ್ಕೆ ಬಗ್ಗಿಸುವ ಆರ್ಮ್‌ಬಾರ್, ತಿರುಗಿ ಹೊಡೆಯುವ ಮೊಣಕೈ, ಇಂಥವೇ ಬರುತ್ತವೆ. ಆಸೆ ತಪ್ಪಲ್ಲ. ಆದರೆ ಸ್ವಲ್ಪ ಕುಸ್ತಿ ಬಲ್ಲವನೊಬ್ಬ ನಿಮ್ಮ ಎರಡೂ ಕಾಲಿಗೆ ಕೈ ಹಾಕಿ, ಅಂಗಾತ ಕೆಡವಿ, ಎದೆ ಮೇಲೆ ಭಾರ ಬಿಟ್ಟ ಅಂದ್ರೆ ಆ ಒದೆಯ ಕಥೆ ಅಲ್ಲಿಗೆ ಮುಗಿಯಿತು. ಹಾಗಾಗಿ ನನ್ನ ಮಾತು ಇಷ್ಟೇ: ಯಾವ ಪಟ್ಟು ಕಲಿಯೋದಕ್ಕಿಂತ ಮೊದಲು ಕೆಳಗಿಂದ ಎದ್ದು ನಿಲ್ಲೋದು ಕಲಿಯಿರಿ. ಇದು ಬಂದವನು ನಿಂತು ಆಡುವಾಗಲೂ ಬೇರೆ ಥರವೇ ಆಡುತ್ತಾನೆ. ಬಿದ್ದರೆ ಏಳ್ತೀನಿ ಅನ್ನೋ ಧೈರ್ಯ ಇದ್ದರೆ ಒದೆಯನ್ನು ಪೂರ್ತಿ ಬಿಡಬಹುದು. ಅದಿಲ್ಲದವನು ಅರ್ಧ ಒದ್ದು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ಗುದ್ದುವಾಗಲೂ ಸೊಂಟ ಹಿಂದೆಯೇ ಉಳಿದಿರುತ್ತದೆ.

ಈ ಆಟ ಬೆಳೆದ ದಾರಿ ನೋಡಿದರೂ ಇದೇ ಕಾಣುತ್ತದೆ. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ನಡೆದ ಯುಎಫ್‌ಸಿ ಎಂಬ ಎಂಎಂಎ ಕೂಟದ ಮೊದಲ ಆವೃತ್ತಿಯಲ್ಲಿ, ನೆಲದ ಮೇಲಿನ ಪಟ್ಟುಗಳ ಜಿಯು ಜಿಟ್ಸು ಬಲ್ಲ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ. ನೆಲಕ್ಕೆ ಬಿದ್ದ ಮೇಲೆ ಏನು ಮಾಡಬೇಕು ಅನ್ನೋದು ಎದುರಾಳಿಗಳಿಗೆ ಅವನಷ್ಟು ಗೊತ್ತಿರಲಿಲ್ಲ. ಆಮೇಲೆ ಮಾರ್ಕ್ ಕೋಲ್‌ಮನ್ ಥರದ ಕುಸ್ತಿಪಟುಗಳು ಬಂದರು, ಕೆಡವಿ ಮೇಲಿಂದ ಗುದ್ದಿ ಗೆಲ್ಲೋದು ಶುರುವಾಯಿತು. ಅದಕ್ಕೆ ಉತ್ತರ ಸಿಕ್ಕಿದ್ದು 1997ರ ಜುಲೈನಲ್ಲಿ, ಯುಎಫ್‌ಸಿ 14ರಲ್ಲಿ. ಮಾರಿಸ್ ಸ್ಮಿತ್ ಮೂಲತಃ ಕಿಕ್‌ಬಾಕ್ಸರ್. ಕೋಲ್‌ಮನ್ ಅವನನ್ನು ಕೆಡವಿದ, ಮೇಲೆ ಕೂತ, ಹೊಡೆದ. ಸ್ಮಿತ್ ಗಾಬರಿಯಾಗಲಿಲ್ಲ. ಕೆಳಗಿದ್ದೇ ತಡೆದು, ಅವನ ಉಸಿರು ಖಾಲಿಯಾಗೋವರೆಗೆ ಕಾದು, ಎದ್ದು ನಿಂತು, ಕಾಲಿಗೆ ಒದ್ದು ಒದ್ದು ಜಡ್ಜ್‌ಗಳ ತೀರ್ಪಿನಲ್ಲಿ ಹೆವಿವೇಟ್ ಬೆಲ್ಟ್ ಗೆದ್ದ. ಆ ಪಂದ್ಯವನ್ನು ಹುಡುಕಿ ನೋಡಿ. ಅಂದವಾದ ಕಾದಾಟ ಅಲ್ಲ, ಆದರೆ ಕೆಳಗೆ ಸಿಕ್ಕಿಕೊಂಡವನಿಗೆ ತಾಳ್ಮೆ ಅಂದರೆ ಏನು ಅಂತ ಅದಕ್ಕಿಂತ ಚೆನ್ನಾಗಿ ತೋರಿಸುವ ಪಂದ್ಯ ನನಗೆ ಗೊತ್ತಿಲ್ಲ.

ಕೆಳಗೆ ಸುಮ್ನೆ ಮಲಗಿ ಕಾಯೋದಕ್ಕೆ ಈಗ ಸಮಯವೂ ಕಡಿಮೆ. ಸಾಮಾನ್ಯ ಪಂದ್ಯ ಅಂದರೆ ಐದೈದು ನಿಮಿಷದ ಮೂರು ರೌಂಡ್, ಬೆಲ್ಟ್ ಪಂದ್ಯವಾದರೆ ಐದು ರೌಂಡ್. ರೌಂಡ್ ಶುರುವಾದ ಒಂದು ನಿಮಿಷಕ್ಕೆ ಕೆಳಗೆ ಬಿದ್ದು ಅಲ್ಲೇ ಉಳಿದು ಗುದ್ದು ತಿಂದರೆ ಆ ರೌಂಡ್ ಹೋದ ಹಾಗೇ.

ಬೆನ್ನು ಪೂರ್ತಿ ನೆಲಕ್ಕೆ ಅಂಟಬಾರದು

ಎಲ್ಲ ಪಟ್ಟಿಗೂ ತಳಪಾಯ ಇದು. ಎರಡೂ ಹೆಗಲು ಮ್ಯಾಟ್‌ಗೆ ಅಂಟಿ ಅಂಗಾತ ಬಿದ್ದಿದ್ದೀರಿ ಅಂದರೆ ನಿಮ್ಮ ಸೊಂಟ ಸತ್ತ ಹಾಗೆ. ಬಿದ್ದ ತಕ್ಷಣ ಒಂದು ಮಗ್ಗುಲಿಗೆ ತಿರುಗಿ. ಮೊಣಕೈ ಪಕ್ಕೆಗೆ ಹತ್ತಿರ ಇರಲಿ. ಮುಂಗೈ ಎಲುಬನ್ನು ಎದುರಾಳಿಯ ಕತ್ತಿಗೋ ಸೊಂಟದ ಎಲುಬಿಗೋ ಅಡ್ಡ ಇಡಿ. ಇದಕ್ಕೆ ಫ್ರೇಮ್ ಅಂತಾರೆ. ಹೊಸಬರು ಇಲ್ಲಿ ಅಂಗೈ ಊರಿ, ಕೈ ಪೂರ್ತಿ ಚಾಚಿ, ಅವನನ್ನು ಮೇಲಕ್ಕೆ ತಳ್ಳಲು ಹೋಗುತ್ತಾರೆ. ಎರಡು ತೊಂದರೆ. ಒಂದು, ತೋಳು ಅರ್ಧ ನಿಮಿಷದಲ್ಲಿ ಸೋಲುತ್ತದೆ. ಇನ್ನೊಂದು, ಚಾಚಿದ ಕೈಯೇ ಆರ್ಮ್‌ಬಾರ್‌ಗೆ ಸಿಗುವ ಕೈ. ಫ್ರೇಮ್ ಅಂದರೆ ಬಾಗಿಲಿಗೆ ಅಡ್ಡ ಇಟ್ಟ ಮರದ ತುಂಡು ಇದ್ದ ಹಾಗೆ. ಅದು ತಳ್ಳಲ್ಲ, ಸುಮ್ಮನೆ ಜಾಗ ಹಿಡಿದಿರುತ್ತದೆ. ಆ ಜಾಗದಲ್ಲಿ ಅಲುಗಾಡಬೇಕಾದ್ದು ನಿಮ್ಮ ಸೊಂಟ. ಅವನು ಇದ್ದಲ್ಲೇ ಇರಲಿ, ನೀವು ಅವನಿಂದ ಆಚೆ ಜರುಗಿ.

ಜರುಗೋದು ಹೇಗೆ? ಎಲ್ಲ ಜಿಮ್‌ಗಳಲ್ಲೂ ವಾರ್ಮ್‌ಅಪ್‌ನಲ್ಲಿ ಮಾಡಿಸುವ ಶ್ರಿಂಪಿಂಗ್ ಇದೆಯಲ್ಲ, ಅದೇ. ಒಂದು ಹಿಮ್ಮಡಿಯನ್ನು ಪೃಷ್ಠದ ಹತ್ತಿರ ಎಳೆದು ಊರಿ, ಸೊಂಟ ಎತ್ತಿ, ಮಗ್ಗುಲಾಗಿ, ಸೊಂಟವನ್ನು ಹಿಂದಕ್ಕೆ ಎಸೆಯಿರಿ. ಮುಗಿದಾಗ ಕೈ ನಿಮ್ಮ ಪಾದದ ಕಡೆ ಚಾಚಿರಬೇಕು. ವಾರ್ಮ್‌ಅಪ್ ಅಂತ ಇದನ್ನು ಕಾಟಾಚಾರಕ್ಕೆ ಮಾಡುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ನೆಲದ ಮೇಲಿನ ಅರ್ಧ ಆಟ ಅಲ್ಲೇ ಇದೆ.

ಟೆಕ್ನಿಕಲ್ ಸ್ಟ್ಯಾಂಡ್‌ಅಪ್, ನಿಧಾನವಾಗಿ

ಎದುರಾಳಿ ನಿಂತಿದ್ದಾನೆ ಅಥವಾ ನಿಮ್ಮಿಂದ ಸ್ವಲ್ಪ ದೂರ ಸರಿದಿದ್ದಾನೆ, ನೀವು ಕೂತಿದ್ದೀರಿ. ಆಗ ಏಳುವ ದಾರಿ ಇದು. ಬಲಗೈಯನ್ನು ಬೆನ್ನ ಹಿಂದೆ, ಸೊಂಟದಿಂದ ಒಂದು ಮೊಳ ದೂರದಲ್ಲಿ ಊರಿ. ಎಡ ಮೊಣಕಾಲು ಮಡಚಿ ಎಡ ಪಾದವನ್ನು ಗಟ್ಟಿಯಾಗಿ ನೆಲಕ್ಕೆ ಇಡಿ. ಎಡಗೈ ಮುಖದ ಮುಂದೆ, ಮೊಣಕೈ ಎಡ ಮೊಣಕಾಲಿನ ಹತ್ತಿರ. ಬಲಗಾಲು ಎದುರಾಳಿಯ ಕಡೆ ಚಾಚಿರುತ್ತದೆ. ಅವನು ಹತ್ತಿರ ಬಂದರೆ ಆ ಕಾಲಿನಿಂದ ಅವನ ಮೊಣಕಾಲಿಗೆ ಒದ್ದು ದೂರ ಇಡಬಹುದು. ಈಗ ಬಲಗೈ ಮತ್ತು ಎಡ ಪಾದದ ಮೇಲೆ ಭಾರ ಹಾಕಿ ಸೊಂಟ ಎತ್ತಿ. ಬಲಗಾಲನ್ನು ಆ ಸಂದಿಯಲ್ಲಿ ಹಿಂದಕ್ಕೆ ಎಳೆದು, ಊರಿದ ಕೈಗಿಂತಲೂ ಹಿಂದೆ ಪಾದ ಇಡಿ. ಎರಡೂ ಪಾದಕ್ಕೆ ಭಾರ ಬಂದ ಮೇಲೆಯೇ ಕೈ ನೆಲ ಬಿಡಬೇಕು. ಎದ್ದಾಗ ಮೊಣಕಾಲು ಬಾಗಿರಲಿ, ಎರಡೂ ಕೈ ಮೇಲಿರಲಿ.

ಹೆಚ್ಚಿನವರು ತಪ್ಪೋದು ಒಂದು ಜಾಗದಲ್ಲಿ. ಸೊಂಟ ಸಾಕಷ್ಟು ಎತ್ತಲ್ಲ. ಹಾಗಾಗಿ ಕಾಲು ಒಳಗೆ ನುಸುಳಲ್ಲ, ಮೊಣಕಾಲು ಮ್ಯಾಟ್‌ಗೆ ತಾಗಿ ಅಲ್ಲೇ ನಿಲ್ಲುತ್ತದೆ. ಇನ್ನು ಕಣ್ಣು. ಏಳುವಾಗ ನೆಲ ನೋಡಬೇಡಿ, ಎದುರಾಳಿಯ ಎದೆ ನೋಡಿ. ಆ ಅರ್ಧ ಕ್ಷಣದಲ್ಲೇ ಅವನು ಒದೆಯುವುದು, ಗುದ್ದುವುದು. ನೆಲದಲ್ಲಿರುವವನ ತಲೆಗೆ ಕಾಲಿನಿಂದ ಒದೆಯುವುದು, ಮೊಣಕಾಲಿನಿಂದ ಹೊಡೆಯುವುದು ಎಂಎಂಎಯ ಸಾಮಾನ್ಯ ನಿಯಮಗಳಾದ ಯುನಿಫೈಡ್ ರೂಲ್ಸ್ ಪ್ರಕಾರ ತಪ್ಪು. ಆದರೆ ನಿಮ್ಮ ಕೈ, ಪಾದ ಬಿಟ್ಟು ಬೇರೇನೂ ನೆಲಕ್ಕೆ ತಾಗಿಲ್ಲ ಅಂದರೆ ನೀವು ನಿಂತವರ ಲೆಕ್ಕ. ಹಳೇ ನಿಯಮ ನಂಬಿಕೊಂಡು ಬರೀ ಕೈ ಊರಿದರೆ ರಕ್ಷಣೆ ಸಿಗುತ್ತೆ ಅಂದುಕೊಳ್ಳಬೇಡಿ, 2024ರ ನವೆಂಬರ್‌ನಿಂದ ಯುಎಫ್‌ಸಿಯಲ್ಲಿ ಹೊಸ ನಿಯಮ ಬಂದಿದೆ.

ಎದೆ ಮೇಲೆ ಭಾರ ಇದ್ದಾಗ

ಅವನು ಅಡ್ಡಲಾಗಿ ನಿಮ್ಮ ಎದೆ ಮೇಲೆ ಒರಗಿದ್ದಾನೆ, ಅಂದರೆ ಸೈಡ್ ಕಂಟ್ರೋಲ್. ಮೊದಲು ಒಂದು ಮುಂಗೈ ಅವನ ಕತ್ತಿಗೆ, ಇನ್ನೊಂದು ಸೊಂಟಕ್ಕೆ. ಆಮೇಲೆ ಎರಡೂ ಪಾದ ಊರಿ ಸೊಂಟವನ್ನು ಮೇಲಕ್ಕೆ ಜೋರಾಗಿ ಎತ್ತಿ. ಅದರಿಂದ ಅವನು ಉರುಳಿ ಬೀಳುತ್ತಾನೆ ಅಂತಲ್ಲ, ಅವನ ಭಾರ ಒಂದು ಗಳಿಗೆ ಹಗುರಾಗುತ್ತದೆ, ಅಷ್ಟು ಸಾಕು. ಕೆಳಗೆ ಇಳಿಯುವಾಗಲೇ ಸೊಂಟ ಆಚೆ ಜರುಗಿಸಿ. ಈಗ ಎರಡು ದಾರಿ. ಮೊಣಕಾಲು ಒಳಗೆ ತೂರಿಸಿ ಗಾರ್ಡ್‌ಗೆ, ಅಂದರೆ ನಿಮ್ಮ ಕಾಲುಗಳು ಅವನಿಗೂ ನಿಮಗೂ ನಡುವೆ ಇರುವ ಸ್ಥಿತಿಗೆ, ಬರಬಹುದು. ಇಲ್ಲವೇ ಕತ್ತಿನ ಬಳಿ ಇದ್ದ ಕೈಯನ್ನು ಅವನ ಕಂಕುಳ ಕೆಳಗೆ ತೂರಿಸಿ, ಅಂದರೆ ಅಂಡರ್‌ಹುಕ್ ಹಾಕಿ, ಅವನ ಕಡೆಗೇ ತಿರುಗಿ ಮೊಣಕಾಲಿನ ಮೇಲೆ ಏಳಬಹುದು. ಎಂಎಂಎಗೆ ನನ್ನ ಓಟು ಎರಡನೆಯದಕ್ಕೆ. ಗಾರ್ಡ್‌ನಲ್ಲೂ ನೀವು ಕೆಳಗೇ, ಗುದ್ದು ಬೀಳುತ್ತಲೇ ಇರುತ್ತದೆ. ಅಂಡರ್‌ಹುಕ್ ಸಿಕ್ಕರೆ ನೀವು ಅರ್ಧ ಎದ್ದ ಹಾಗೆ.

ಹೊಟ್ಟೆ ಮೇಲೆ ಕುದುರೆ ಹತ್ತಿದ ಹಾಗೆ ಕೂತಿದ್ದರೆ, ಅದು ಮೌಂಟ್. ಅವನ ಒಂದು ಕೈಯನ್ನು ನಿಮ್ಮ ಎದೆಗೆ ಅವುಚಿ ಹಿಡಿದು, ಅದೇ ಬದಿಯ ಅವನ ಪಾದದ ಆಚೆ ನಿಮ್ಮ ಪಾದ ಊರಿ, ಅವನಿಗೆ ಆ ಬದಿಯಲ್ಲಿ ಆಸರೆ ಇಲ್ಲದ ಹಾಗೆ ಮಾಡಿ, ಅದೇ ಹೆಗಲ ಮೇಲಿಂದ ಸೊಂಟ ಎತ್ತಿ ಉರುಳಿಸಿ. ಕೈ, ಕಾಲು ಎರಡೂ ಸಿಕ್ಕಿಹಾಕಿಕೊಂಡಿರದೆ ಎಷ್ಟೇ ಎಗರಿದರೂ ಅವನು ಕೈ ಊರಿ ಉಳಿದುಕೊಳ್ಳುತ್ತಾನೆ.

ಇನ್ನೊಂದು ಮಾತು. ಯುಎಫ್‌ಸಿಯ ಡೆರಿಕ್ ಲೂಯಿಸ್‌ನ ಪಂದ್ಯ ನೋಡಿ ಬಂದವರು, ಅವನು ಹಾಗೇ ಎದ್ದುಬಿಡ್ತಾನಲ್ಲ ಅಂತಾರೆ. ಹೌದು, ಏಳುತ್ತಾನೆ. ಅವನು ಹೆವಿವೇಟ್, ಅಂಥ ದೈತ್ಯ ಬಲ ಇರುವವನು. ನೀವು ಬೆನ್ನು ತೋರಿಸಿ ಬೋರಲಾಗಿ ತಳ್ಳಿ ಏಳಲು ಹೋದರೆ ಮೇಲಿರುವವನು ಸಂತೋಷವಾಗಿ ಬೆನ್ನೇರಿ ಕತ್ತಿಗೆ ಕೈ ಹಾಕುತ್ತಾನೆ.

ಕೇಜಿನ ಗೋಡೆ ನಿಮ್ಮ ಆಸರೆ

ಬರೀ ಜಿಯು ಜಿಟ್ಸು ಕಲಿತವರಿಗೆ ಇದು ಹೊಸದು. ಎಂಎಂಎಯಲ್ಲಿ ಸುತ್ತ ಬೇಲಿ ಇದೆ, ಅದು ಕೆಳಗಿರುವವನಿಗೆ ದೊಡ್ಡ ಉಪಕಾರ. ಬಿದ್ದ ಮೇಲೆ ನಡು ಮ್ಯಾಟ್‌ನಲ್ಲಿ ಏಳಲು ಆಗುತ್ತಿಲ್ಲ ಅಂದರೆ ಜರುಗುತ್ತಾ ಬೇಲಿಯ ಹತ್ತಿರ ಹೋಗಿ. ಬೆನ್ನು ಬೇಲಿಗೆ ಒರಗಿಸಿ ನೆಟ್ಟಗೆ ಕೂರಿ. ಸೊಂಟವೂ ಬೇಲಿಗೆ ತಾಗಿರಬೇಕು. ಸೊಂಟ ಮುಂದೆ ಜಾರಿ ಬರೀ ಹೆಗಲು ಒರಗಿದ್ದರೆ ಅವನು ಕಾಲು ಎಳೆದು ಮತ್ತೆ ಮಲಗಿಸುತ್ತಾನೆ. ಒಂದು ಕೈಯಲ್ಲಿ ಅಂಡರ್‌ಹುಕ್. ಇನ್ನೊಂದು ಕೈಯಿಂದ ಅವನ ಮಣಿಕಟ್ಟು ಹಿಡಿದು ಕೆಳಕ್ಕೆ ತಳ್ಳಿ, ಕಾಲ ಹಿಂದೆ ಅವನ ಎರಡೂ ಕೈ ಸೇರದ ಹಾಗೆ ನೋಡಿಕೊಳ್ಳಿ. ನಿಮ್ಮ ತಲೆ ಅವನ ಗದ್ದದ ಕೆಳಗೆ ಒತ್ತಿರಲಿ. ತಲೆ ಗೆದ್ದವನು ಅರ್ಧ ಗೆದ್ದ. ಆಮೇಲೆ ಒಂದು ಪಾದ ಊರಿ, ಬೆನ್ನನ್ನು ಬೇಲಿಗೆ ಉಜ್ಜುತ್ತಾ ಮೇಲೇರಿ. ಬೇಲಿಯ ಬಲೆಯನ್ನು ಬೆರಳಿಂದ ಹಿಡಿಯುವ ಹಾಗಿಲ್ಲ, ಫೌಲ್ ಆಗುತ್ತದೆ.

ಹೀಗೆ ಬೇಲಿಗೆ ಒರಗಿ ಏಳುವವರನ್ನು ತಡೆಯುವುದರಲ್ಲಿ ರಷ್ಯಾದ ಎಂಎಂಎ ಪಟು ಖಬೀಬ್ ನುರ್ಮಗೊಮೆದೊವ್‌ಗೆ ಸಾಟಿ ಇರಲಿಲ್ಲ. 2018ರ ಅಕ್ಟೋಬರ್ 6ರಂದು ಯುಎಫ್‌ಸಿ 229ರಲ್ಲಿ ಕಾನರ್ ಮೆಕ್‌ಗ್ರೆಗರ್ ಜೊತೆ ಆಡಿದ ಪಂದ್ಯದ ಮೊದಲ ರೌಂಡ್ ತೆಗೆದು, ಗುದ್ದು ನೋಡದೆ ಬರೀ ಕಾಲು ನೋಡಿ. ಮೆಕ್‌ಗ್ರೆಗರ್ ಬೇಲಿಗೆ ಒರಗಿ ಕೂತಿದ್ದಾನೆ, ಆದರೆ ಎರಡೂ ಕಾಲನ್ನು ಖಬೀಬ್ ತನ್ನ ಕಾಲಿನಿಂದ ಕಟ್ಟಿಹಾಕಿದ್ದಾನೆ. ಪಾದ ಊರಲು ಜಾಗವೇ ಇಲ್ಲ. ನಾಲ್ಕನೇ ರೌಂಡ್‌ನಲ್ಲಿ ಕತ್ತಿನ ಪಟ್ಟಿಗೆ ಮೆಕ್‌ಗ್ರೆಗರ್ ಟ್ಯಾಪ್ ಮಾಡಿದ, ಅಂದರೆ ಕೈ ತಟ್ಟಿ ಸೋಲೊಪ್ಪಿದ. ಖಬೀಬ್‌ನ ಇನ್ನೊಂದು ಅಸ್ತ್ರ, ಏಳಲು ಊರಿದ ಕೈಯ ಮಣಿಕಟ್ಟನ್ನು ಬೆನ್ನ ಹಿಂದಿನಿಂದ ಹಿಡಿಯುವುದು. ಅದಕ್ಕೇ ಹೇಳೋದು, ಕಾಲು ಬಿಡಿಸಿಕೊಳ್ಳದೆ ಏಳುವ ಅವಸರ ಬೇಡ, ಕೈಯನ್ನು ಬೆನ್ನ ಹಿಂದೆ ಬಹಳ ಹೊತ್ತು ಬಿಡಬೇಡಿ.

ಎದುರಾಳಿಗೆ ನಿಮ್ಮ ಬೆನ್ನು ಸಿಕ್ಕಿಬಿಟ್ಟರೆ ಏಳೋದು ಮರೆತು ಮೊದಲು ಕತ್ತು ಕಾಯಿರಿ. ಚೋಕ್ ಹಾಕಲು ಬರುವ ಅವನ ಒಂದು ಕೈಯನ್ನು ನಿಮ್ಮ ಎರಡೂ ಕೈಯಿಂದ ಹಿಡಿಯಿರಿ. ಅವನ ಕೈ ಯಾವ ಕಂಕುಳ ಕೆಳಗಿಂದ ಬಂದಿದೆಯೋ ಆ ಬದಿಗೆ ಜಾರಿ, ಬೆನ್ನನ್ನು ಮ್ಯಾಟ್‌ಗೆ ತಾಗಿಸಿ, ಅವನ ಕಡೆ ತಿರುಗಿ. ಸರಿಯಾಗಿ ಬಿದ್ದ ಚೋಕ್ ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತುತ್ತದೆ, ಹತ್ತು ಸೆಕೆಂಡ್ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. ಅಭ್ಯಾಸದಲ್ಲಿ ಪೌರುಷ ತೋರಿಸಬೇಡಿ, ಟ್ಯಾಪ್ ಮಾಡಿ. ಕೈ ಸಿಕ್ಕಿಕೊಂಡಿದ್ದರೆ ಬಾಯಲ್ಲೇ ಟ್ಯಾಪ್ ಅಂತ ಕೂಗಿ. ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್ ವಿಷಯದಲ್ಲಂತೂ ನೋವು ಬರಲಿ ಅಂತ ಕಾಯಲೇಬಾರದು. ನೋವು ಗೊತ್ತಾಗುವ ಮೊದಲೇ ಮೊಣಕಾಲಿನ ಲಿಗಮೆಂಟ್ ಹರಿದಿರಬಹುದು.

ಅಭ್ಯಾಸ ಹೇಗೆ?

ಮೊದಲ ವಾರಗಳಲ್ಲಿ ಒಬ್ಬರೇ ಮಾಡಿ. ಶ್ರಿಂಪಿಂಗ್, ಸೊಂಟ ಎತ್ತುವುದು, ಟೆಕ್ನಿಕಲ್ ಸ್ಟ್ಯಾಂಡ್‌ಅಪ್, ಎರಡೂ ಬದಿಗೆ. ಆಮೇಲೆ ಜೊತೆಗಾರ ಬೇಕು. ಅವನು ಸೈಡ್ ಕಂಟ್ರೋಲ್‌ನಲ್ಲಿ ಕೂರಲಿ. ನಿಮಗೆ ಒಂದೇ ಕೆಲಸ, ಎದ್ದು ನಿಲ್ಲೋದು. ಅವನಿಗೂ ಒಂದೇ ಕೆಲಸ, ಬಿಡದಿರುವುದು. ಪಟ್ಟು ಹಾಕುವ ಹಾಗಿಲ್ಲ, ಗುದ್ದುವ ಹಾಗಿಲ್ಲ. ಎರಡು ನಿಮಿಷ ಆಡಿ, ಜಾಗ ಬದಲಿಸಿ. ಎದ್ದ ತಕ್ಷಣ ಮತ್ತೆ ಕೆಳಗಿಂದ ಶುರು. ಇದು ಕಷ್ಟ, ಎದೆ ಉರಿಯುತ್ತದೆ, ಮುಖ ಉಜ್ಜಿ ಕೆಂಪಾಗುತ್ತದೆ. ಆದರೆ ಪಟ್ಟಿನ ವಿಡಿಯೊ ನೂರು ನೋಡಿದರೂ ಬರದ ಅಂದಾಜು ಇದರಲ್ಲಿ ಬರುತ್ತದೆ. ಅವನ ಭಾರ ಯಾವಾಗ ಹಗುರಾಯಿತು ಅನ್ನೋದು ಮೈಗೇ ಗೊತ್ತಾಗಲು ಶುರುವಾಗುತ್ತದೆ.

ಇದು ಕೈವಶವಾದ ಮೇಲೆ ಹಗುರ ಗುದ್ದು ಸೇರಿಸಿ. ಮೇಲಿರುವವನು ದೊಡ್ಡ ಗ್ಲೌಸ್ ಹಾಕಿ, ಮೆಲ್ಲಗೆ ತಟ್ಟಲಿ, ಅಷ್ಟೇ. ಆಗ ಎಷ್ಟೋ ಜನರ ಫ್ರೇಮ್ ಮಾಯವಾಗುತ್ತದೆ, ಎರಡೂ ಕೈ ಮುಖಕ್ಕೆ ಹೋಗುತ್ತದೆ, ಸೊಂಟ ನಿಂತುಬಿಡುತ್ತದೆ. ಅದು ಸಹಜ. ಮುಖ ಕಾಯಲು ಅವನನ್ನೇ ಹತ್ತಿರ ಎಳೆದುಕೊಳ್ಳಿ, ಅವನು ಗುದ್ದಲು ಮೇಲೆದ್ದಾಗ ಸಿಗುವ ಜಾಗದಲ್ಲಿ ಜರುಗಿ. ಗುದ್ದಲು ಅವನಿಗೂ ಜಾಗ ಬೇಕು, ಏಳಲು ನಿಮಗೂ ಜಾಗ ಬೇಕು. ಅವನು ಜಾಗ ಮಾಡಿದ ಕ್ಷಣವೇ ನಿಮ್ಮ ಕ್ಷಣ.

ಜೋರು ಸ್ಪಾರಿಂಗ್, ಅಂದರೆ ಅಭ್ಯಾಸದ ಕಾದಾಟದ ಬಗ್ಗೆ ಅವಸರ ಬೇಡ. ತಲೆಗೆ ಪೆಟ್ಟು ಬಿದ್ದು ತಲೆಸುತ್ತು, ವಾಂತಿ, ಮಂಕು ಬಂದರೆ ಆ ದಿನದ ಆಟ ಅಲ್ಲಿಗೆ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಅವರು ಸರಿ ಅನ್ನೋವರೆಗೆ ಸ್ಪಾರಿಂಗ್ ಇಲ್ಲ, ಕೋಚ್ ಏನೇ ಅಂದರೂ ಇಲ್ಲ. ಮ್ಯಾಟ್‌ನಿಂದ ಬಂದ ಕೂಡಲೇ ಸ್ನಾನ ಮಾಡಿ, ಉಗುರು ಕತ್ತರಿಸಿರಲಿ. ಮೈಮೇಲೆ ಗುಂಡಗಿನ ಕೆಂಪು ಹುಳುಕಡ್ಡಿ ಕಂಡರೆ ವಾಸಿಯಾಗೋವರೆಗೆ ಜೊತೆಗಾರರ ಮೈ ಮುಟ್ಟಬೇಡಿ. ಮನೆಯಲ್ಲಿ ಶ್ರಿಂಪಿಂಗ್ ಮಾಡಿಕೊಂಡಿರಿ, ಅದಕ್ಕೆ ಯಾರೂ ಬೇಕಾಗಿಲ್ಲ.