ಅಸೈನ್‌ಮೆಂಟ್ ಹಿಡಿದು ಕೂತಾಗ: ಎಲ್ಲಿ ನಿಂತಿರಿ ಅಂತ ಮೊದಲು ಹುಡುಕಿ

ಪ್ರಶ್ನೆ ಓದಿದ ತಕ್ಷಣ ಫೋನ್ ತೆಗೆಯಬೇಡಿ, ಒಂದು ಖಾಲಿ ಹಾಳೆ ತೆಗೆಯಿರಿ.

ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಸಂಜೆ ಹೊತ್ತು ಡಿಗ್ರಿ ಓದುವ ಮಕ್ಕಳು ಬರುತ್ತಾರೆ. ಬಿ.ಕಾಂ., ಬಿ.ಎಸ್ಸಿ., ಬಿ.ಎ., ಜೊತೆಗೆ ಇಂಜಿನಿಯರಿಂಗ್ ಓದುವ ಇಬ್ಬರು. ಹರಿಹರದಿಂದ, ಜಗಳೂರಿನಿಂದ ದಿನಾ ಓಡಾಡುವವರೂ ಇದ್ದಾರೆ, ಬಸ್ ಹತ್ತುವ ಮುಂಚೆ ಒಂದು ಗಂಟೆ ಕೂತು ಹೋಗುತ್ತಾರೆ. ಬಂದವರೆಲ್ಲ ಹೇಳುವುದು ಒಂದೇ: "ಅಕ್ಕಾ, ಈ ಲೆಕ್ಕ ಬರ್ತಿಲ್ಲ." ಎಲ್ಲಿವರೆಗೆ ಬಂತು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಲೆಕ್ಕ ಪೂರ್ತಿ ಬಾರದೇ ಇರುವುದು ತುಂಬಾ ಅಪರೂಪ. ಮೂರು ಸಾಲು ಬಂದಿರುತ್ತದೆ, ನಾಲ್ಕನೆಯದರಲ್ಲಿ ಗಾಡಿ ನಿಂತಿರುತ್ತದೆ. ಆ ನಾಲ್ಕನೇ ಸಾಲು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು, ಯಾಕೆಂದರೆ ನೀವು ಕಲಿಯಬೇಕಾದದ್ದು ಅಲ್ಲಿ ಮಾತ್ರ ಇದೆ, ಉಳಿದದ್ದು ನಿಮಗೆ ಆಗಲೇ ಗೊತ್ತಿದೆ.

ಹಾಗಾಗಿ ಹಾಳೆಯ ಮೇಲೆ ಮೊದಲು ಕೊಟ್ಟಿರುವುದೇನು ಅಂತ ಬರೆಯಿರಿ. ಅದರ ಕೆಳಗೆ ಕೇಳಿರುವುದೇನು ಅಂತ ಬರೆಯಿರಿ. ಆಮೇಲೆ ನಿಮಗೆ ತೋಚಿದ ದಾರಿಯಲ್ಲಿ ಹೋಗಿ, ತಪ್ಪಾದರೂ ಅಳಿಸಬೇಡಿ. ನಿಂತ ಕಡೆ ಪೆನ್ನಿನಲ್ಲಿ ಒಂದು ಗೆರೆ ಎಳೆದು, ಯಾಕೆ ನಿಂತಿರಿ ಅಂತ ಒಂದು ವಾಕ್ಯ ಬರೆಯಿರಿ. "ಯಾವ ಸೂತ್ರ ಹಾಕಬೇಕು ಗೊತ್ತಾಗಲಿಲ್ಲ" ಅನ್ನುವುದು ಒಂದು ಕಾರಣ, "ಸೂತ್ರ ಗೊತ್ತು, ಆದರೆ ಈ ಬೆಲೆ ಎಲ್ಲಿಂದ ತರುವುದು" ಅನ್ನುವುದು ಇನ್ನೊಂದು, "ಪ್ರಶ್ನೆಯೇ ಅರ್ಥ ಆಗಲಿಲ್ಲ" ಅನ್ನುವುದು ಮತ್ತೊಂದು. ಮೂರಕ್ಕೂ ಮದ್ದು ಬೇರೆ ಬೇರೆ.

ನಮ್ಮ ಕಡೆ ಮಕ್ಕಳಿಗೆ ಜಾಸ್ತಿ ತೊಂದರೆ ಕೊಡುವುದು ಆ ಮೂರನೆಯದು. ಹತ್ತನೇ ತರಗತಿವರೆಗೆ, ಕೆಲವರು ಪಿಯುಸಿವರೆಗೆ ಕನ್ನಡದಲ್ಲಿ ಓದಿ, ಡಿಗ್ರಿಗೆ ಬಂದಾಗ ಒಮ್ಮೆಲೇ ಪುಸ್ತಕ ಎಲ್ಲಾ ಇಂಗ್ಲಿಷ್ ಆಗಿಬಿಡುತ್ತದೆ. ಲೆಕ್ಕ ಬರುವ ಮಗುವಿಗೂ ಪ್ರಶ್ನೆಯ ಭಾಷೆ ಅಡ್ಡ ನಿಲ್ಲುತ್ತದೆ, ಆಗ ಆ ಮಗು ತನಗೆ ಲೆಕ್ಕವೇ ಬರುವುದಿಲ್ಲ ಅಂದುಕೊಳ್ಳುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಏನೆಂದರೆ, ಪ್ರಶ್ನೆಯನ್ನು ಮನೆಯಲ್ಲಿ ಅಮ್ಮನಿಗೆ ಹೇಳುವ ಹಾಗೆ ಕನ್ನಡದಲ್ಲಿ ಬಾಯಿಬಿಟ್ಟು ಹೇಳುವುದು. ಪುಸ್ತಕದ ಕನ್ನಡ ಬೇಡ, ಮಾತಿನ ಕನ್ನಡ ಸಾಕು.

ಒಂದು ಉದಾಹರಣೆ ನೋಡಿ. ಮೂರು ನಾಣ್ಯ ಚಿಮ್ಮಿದಾಗ 'ಅಟ್ ಲೀಸ್ಟ್' ಎರಡು ಹೆಡ್ ಬೀಳುವ ಸಂಭವನೀಯತೆ ಎಷ್ಟು ಅಂತ ಪ್ರಶ್ನೆ. ಒಬ್ಬಳು 3/8 ಅಂತ ಬರೆದು ತಂದಳು. ಸರಿಯಾಗಿ ಎರಡೇ ಹೆಡ್ ಬೀಳುವುದನ್ನು ಮಾತ್ರ ಎಣಿಸಿದ್ದಳು. ಇದನ್ನೇ ಮನೆಯಲ್ಲಿ ಹೇಗೆ ಹೇಳುತ್ತೀಯಾ ಅಂತ ಕೇಳಿದೆ. "ಎರಡಾದ್ರೂ ಬೀಳಬೇಕು" ಅಂದಳು. ಹಾಗಾದರೆ ಮೂರು ಬಿದ್ದರೆ ಬೇಡವಾ ಅಂದೆ. ಅವಳೇ ನಕ್ಕು, ಎಂಟರಲ್ಲಿ ನಾಲ್ಕು, ಅಂದರೆ 1/2 ಅಂತ ತಿದ್ದಿದಳು. 'ಆದ್ರೂ' ಅನ್ನುವ ನಮ್ಮ ಮಾತಿನಲ್ಲೇ ಅದಕ್ಕಿಂತ ಜಾಸ್ತಿ ಆದರೂ ಪರವಾಗಿಲ್ಲ ಅನ್ನುವ ಅರ್ಥ ಕೂತಿದೆ. ಹಾಗೆಯೇ 'ಅಟ್ ಮೋಸ್ಟ್' ಎರಡು ಅಂದರೆ 'ಎರಡು ದಾಟಬಾರದು'. ಆಗ ಸೊನ್ನೆಯೂ ಒಂದೂ ಎರಡೂ ಎಲ್ಲಾ ಸೇರಿ 7/8. ಹೀಗೆ ನಿಮ್ಮ ಸಬ್ಜೆಕ್ಟಿನಲ್ಲಿ ಪದೇ ಪದೇ ಬರುವ ಇಪ್ಪತ್ತು ಮಾತುಗಳನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನಿಮ್ಮ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಉತ್ತರ ಇಂಗ್ಲಿಷ್‌ನಲ್ಲಿ ಬರೆಯಿರಿ, ಯೋಚನೆ ಯಾವ ಭಾಷೆಯಲ್ಲಿ ಬರುತ್ತದೋ ಅದರಲ್ಲೇ ಮಾಡಿ.

ಇನ್ನು ಉತ್ತರ ಬಂದ ಮೇಲಿನ ಕೆಲಸ. ತುಂಬಾ ಜನ ಉತ್ತರ ಬಂದ ಕೂಡಲೇ ಗೆಳೆಯರಿಗೆ ವಾಟ್ಸ್ಆ್ಯಪ್ ಮಾಡಿ "ನಿಂದೂ ಇಷ್ಟೇ ಬಂತಾ" ಅಂತ ಕೇಳುತ್ತಾರೆ. ನಾನು ಓದುವಾಗಲೂ ಹೀಗೇ ಮಾಡುತ್ತಿದ್ದೆವು. ಒಂದು ಸಲ ನಾಲ್ವರದ್ದೂ ಒಂದೇ ಉತ್ತರ ಬಂತು ಅಂತ ನಿಶ್ಚಿಂತೆಯಿಂದ ಕೊಟ್ಟೆವು, ನಾಲ್ವರದ್ದೂ ತಪ್ಪಾಗಿತ್ತು, ಯಾಕೆಂದರೆ ನಾಲ್ವರೂ ನೋಡಿದ್ದು ಒಂದೇ ಗೈಡ್. ಯಾರನ್ನೂ ಕೇಳದೆ ತಪ್ಪು ಹಿಡಿಯುವ ದಾರಿ ಪ್ರತಿಯೊಂದು ಸಬ್ಜೆಕ್ಟಿನ ಒಳಗೇ ಇದೆ. ಅದನ್ನು ಕಲಿತರೆ ಪರೀಕ್ಷೆ ಹಾಲ್‌ನಲ್ಲೂ ಕೆಲಸಕ್ಕೆ ಬರುತ್ತದೆ.

ಬಿ.ಕಾಂ. ಮಕ್ಕಳಿಂದ ಶುರು ಮಾಡುತ್ತೇನೆ. ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲಾ ಖಾತೆಗಳ ಡೆಬಿಟ್ ಒಂದು ಕಡೆ, ಕ್ರೆಡಿಟ್ ಇನ್ನೊಂದು ಕಡೆ ಬರೆದ ಪಟ್ಟಿ, ಟ್ಯಾಲಿ ಆಗದಿದ್ದರೆ ಮೊದಲಿನಿಂದ ಎಲ್ಲಾ ಕೂಡಲು ಹೋಗಬೇಡಿ. ಎರಡೂ ಕಡೆಯ ವ್ಯತ್ಯಾಸ ಎಷ್ಟು ಅಂತ ಬರೆದು, ಅದನ್ನು 9ರಿಂದ ಭಾಗಿಸಿ ನೋಡಿ. ಶೇಷ ಇಲ್ಲದೆ ಭಾಗ ಹೋದರೆ ಎಲ್ಲೋ ಅಂಕಿಗಳು ಅದಲು ಬದಲಾಗಿರುವ ಸಾಧ್ಯತೆ ಇದೆ. 7,450 ಅನ್ನು 7,540 ಅಂತ ಬರೆದರೆ ವ್ಯತ್ಯಾಸ 90, ಅದು 9ರ ಹತ್ತರಷ್ಟು. ಒಂದು ಸೊನ್ನೆ ಬಿಟ್ಟುಹೋಗಿ 500 ಹೋಗಿ 50 ಆಗಿದ್ದರೂ ವ್ಯತ್ಯಾಸ 450, ಅದೂ 9ರಿಂದ ಭಾಗ ಹೋಗುತ್ತದೆ. 9ರ ಲೆಕ್ಕ ಕೂಡದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ. 1,200 ವ್ಯತ್ಯಾಸ ಬಂದಿದ್ದರೆ 600 ರೂಪಾಯಿಯ ಬಾಬ್ತು ಯಾವುದಾದರೂ ಡೆಬಿಟ್ ಕಡೆ ಹೋಗುವುದು ಕ್ರೆಡಿಟ್ ಕಡೆ ಹೋಗಿದೆಯಾ ಅಂತ ಹುಡುಕಿ. ಅದೂ ಇಲ್ಲದಿದ್ದರೆ, ವ್ಯತ್ಯಾಸದಷ್ಟೇ ಮೊತ್ತದ ಬಾಬ್ತು ಯಾವುದಾದರೂ ಒಂದು ಕಡೆ ಮಾತ್ರ ಬಿಟ್ಟುಹೋಗಿದೆಯಾ ನೋಡಿ. ಇಷ್ಟು ನೋಡುವುದಕ್ಕೆ ಐದು ನಿಮಿಷ ಸಾಕು. ಕೈಯಲ್ಲಿ ಲೆಕ್ಕ ಬರೆಯುವವರು ಇವತ್ತಿಗೂ ತಪ್ಪು ಹುಡುಕುವುದು ಹೀಗೆಯೇ. ಆದರೆ ಟ್ಯಾಲಿ ಆಯಿತು ಅಂದ ಮಾತ್ರಕ್ಕೆ ಎಲ್ಲಾ ಸರಿ ಅಂತ ಅಲ್ಲ. ಅಂಗಡಿಗೆ ಕೊಂಡ ಕುರ್ಚಿ ಮೇಜನ್ನು ಫರ್ನಿಚರ್ ಖಾತೆಗೆ ಹಾಕುವ ಬದಲು ಖರೀದಿ ಖಾತೆಗೆ ಹಾಕಿದರೂ ಎರಡೂ ಕಡೆ ಸಮವಾಗಿಯೇ ಬರುತ್ತದೆ, ಲಾಭ ಮಾತ್ರ ತಪ್ಪಾಗುತ್ತದೆ.

ಫಿಸಿಕ್ಸ್‌ಗೆ ಬಂದರೆ ನನ್ನ ಮೆಚ್ಚಿನ ಲೆಕ್ಕ ನಮ್ಮ ವಾಣಿವಿಲಾಸ ಸಾಗರದ್ದು. ಹಿರಿಯೂರಿನ ಮಾರಿಕಣಿವೆಯ ಈ ಅಣೆಕಟ್ಟು 1907ರಲ್ಲಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಆಗ ಜನ ಸಾಲುಗಟ್ಟಿ ನೋಡಲು ಹೋಗಿದ್ದರು. ಅಲ್ಲಿ ತುಂಬಿದ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿಎಂಸಿ. ನೀರಿನ ಆಳ 130 ಅಡಿ ಅಂತಲೇ ಇಟ್ಟುಕೊಂಡು, ತಳದಲ್ಲಿ ನೀರಿನಿಂದ ಬೀಳುವ ಒತ್ತಡ ಎಷ್ಟು ಅಂತ ಮಕ್ಕಳಿಗೆ ಕೊಡುತ್ತೇನೆ. ಕೆಲವರು 30 ಟಿಎಂಸಿಯನ್ನು ಎಲ್ಲಿ ಹಾಕುವುದು ಅಂತಲೇ ತಲೆಕೆಡಿಸಿಕೊಳ್ಳುತ್ತಾರೆ. ಅದು ಬೇಕಿಲ್ಲ. ಒತ್ತಡ ನಿಂತಿರುವುದು ಆಳದ ಮೇಲೆ, ಹಿಂದೆ ಎಷ್ಟು ನೀರು ಹರಡಿದೆ ಅನ್ನುವುದರ ಮೇಲೆ ಅಲ್ಲ. ಕೊಟ್ಟಿದ್ದೆಲ್ಲಾ ಬಳಸಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ.

ಇನ್ನು ಕೆಲವರು 130 ಅನ್ನು ಹಾಗೇ ಸೂತ್ರಕ್ಕೆ ಹಾಕುತ್ತಾರೆ. ಸಾಂದ್ರತೆ 1000, ಗುರುತ್ವ 9.8, ಆಳ 130, ಗುಣಿಸಿದರೆ ಸುಮಾರು 12.7 ಲಕ್ಷ ಪಾಸ್ಕಲ್. ನೋಡಲು ಉತ್ತರದ ಹಾಗೇ ಇದೆ, ಅಲ್ವಾ? ಇಲ್ಲೇ ಒಂದು ಅಂದಾಜು ಕೈಯಲ್ಲಿರಬೇಕು. ನೀರಿನಲ್ಲಿ ಸುಮಾರು ಹತ್ತು ಮೀಟರ್ ಇಳಿದರೆ ಒಂದು ವಾತಾವರಣದಷ್ಟು, ಅಂದರೆ ಸುಮಾರು ಒಂದು ಲಕ್ಷ ಪಾಸ್ಕಲ್ ಒತ್ತಡ ಹೆಚ್ಚುತ್ತದೆ. 130 ಅಡಿ ಅಂದರೆ 40 ಮೀಟರ್‌ಗೆ ಹತ್ತಿರ. ಹಾಗಾಗಿ ಉತ್ತರ ನಾಲ್ಕು ಲಕ್ಷದ ಆಸುಪಾಸು ಬರಬೇಕು, ಹನ್ನೆರಡು ಬಂದರೆ ಎಲ್ಲೋ ಅಡಿ ಮೀಟರ್ ಕಲಸಿದೆ ಅಂತ ಅರ್ಥ. ಅಡಿಯನ್ನು ಮೀಟರ್ ಮಾಡಿ, 39.6 ಹಾಕಿ ನೋಡಿ, ಸುಮಾರು 3.9 ಲಕ್ಷ ಬರುತ್ತದೆ. ಲೆಕ್ಕ ಮಾಡುವ ಮುಂಚೆಯೇ ಉತ್ತರ ಎಷ್ಟರ ಹತ್ತಿರ ಇರಬೇಕು ಅಂತ ಮೂಲೆಯಲ್ಲಿ ಬರೆದುಕೊಳ್ಳಿ. ಪ್ರತಿ ಸಾಲಿನಲ್ಲೂ ಸಂಖ್ಯೆಯ ಪಕ್ಕ ಅಳತೆಯನ್ನೂ ಬರೆಯುತ್ತಾ ಹೋಗಿ. ಕೊನೆಯಲ್ಲಿ ಮಾತ್ರ ಅಂಟಿಸಿದರೆ ಏನೂ ಉಪಯೋಗ ಇಲ್ಲ.

ಕೆಮಿಸ್ಟ್ರಿಯಲ್ಲಿ ತೂಕ ನೋಡಿ, ಸಾಕು. 10 ಗ್ರಾಂ ಹೈಡ್ರೋಜನ್ ಮತ್ತು 64 ಗ್ರಾಂ ಆಕ್ಸಿಜನ್ ಸೇರಿಸಿದರೆ ಎಷ್ಟು ನೀರು? ಹೈಡ್ರೋಜನ್ 5 ಮೋಲ್, ಆಕ್ಸಿಜನ್ 2 ಮೋಲ್, ಬೇಕಾಗುವುದು ಎರಡಕ್ಕೆ ಒಂದರ ಹಾಗೆ. ಹಾಗಾಗಿ ಆಕ್ಸಿಜನ್ ಮೊದಲು ಖಾಲಿ ಆಗುತ್ತದೆ, 72 ಗ್ರಾಂ ನೀರು ಬರುತ್ತದೆ, 2 ಗ್ರಾಂ ಹೈಡ್ರೋಜನ್ ಉಳಿಯುತ್ತದೆ. ಹಾಕಿದ್ದು 74, ಸಿಕ್ಕಿದ್ದೂ 74. ಕೂಡದಿದ್ದರೆ ಸಮೀಕರಣ ಸರಿದೂಗಿಸಿದ್ದೀರಾ ಅಂತ ವಾಪಸ್ ಹೋಗಿ ನೋಡಿ.

ಗಣಿತದಲ್ಲಿ ಹೆಚ್ಚಿನ ಲೆಕ್ಕಗಳನ್ನು ಹಿಂದಕ್ಕೆ ಓಡಿಸಬಹುದು. ಇಂಟಿಗ್ರೇಷನ್ ಮಾಡಿದ್ದರೆ ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿ, ಪ್ರಶ್ನೆಯೇ ವಾಪಸ್ ಬರಬೇಕು. ಮ್ಯಾಟ್ರಿಕ್ಸ್ ಇನ್ವರ್ಸ್ ತೆಗೆದಿದ್ದರೆ ಮೂಲ ಮ್ಯಾಟ್ರಿಕ್ಸ್ ಜೊತೆ ಗುಣಿಸಿ, ಐಡೆಂಟಿಟಿ ಮ್ಯಾಟ್ರಿಕ್ಸ್ ಬರಬೇಕು. ಸಮೀಕರಣ ಬಿಡಿಸಿದ್ದರೆ ಬೆಲೆಯನ್ನು ಅದರಲ್ಲೇ ಹಾಕಿ ನೋಡಿ. ಸಂಭವನೀಯತೆ ಒಂದನ್ನು ದಾಟಿದರೆ, ಸರಾಸರಿ ಅತಿ ದೊಡ್ಡ ಸಂಖ್ಯೆಗಿಂತ ಜಾಸ್ತಿ ಬಂದರೆ, ಸ್ಟ್ಯಾಂಡರ್ಡ್ ಡೀವಿಯೇಷನ್ ಮೈನಸ್ ಬಂದರೆ ಮುಂದೆ ಹೋಗಲೇಬೇಡಿ.

ಎಕನಾಮಿಕ್ಸ್‌ನಲ್ಲಿ ಒಂದು ತಕರಾರು ಪ್ರತಿ ವರ್ಷ ಬರುತ್ತದೆ. ಒಂದು ಹೋಟೆಲ್‌ನಲ್ಲಿ ಬೆಣ್ಣೆ ದೋಸೆ 50 ರೂಪಾಯಿ ಇದ್ದಾಗ ದಿನಕ್ಕೆ 200 ಹೋಗುತ್ತಿತ್ತು, 60 ಮಾಡಿದ ಮೇಲೆ 180 ಹೋಗುತ್ತಿದೆ ಅಂತ ಇಟ್ಟುಕೊಳ್ಳಿ. ಬೆಲೆ ಶೇ 20 ಏರಿತು, ಬೇಡಿಕೆ ಶೇ 10 ಇಳಿಯಿತು, ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಶೇ 1 ಏರಿದರೆ ಬೇಡಿಕೆ ಶೇ ಎಷ್ಟು ಇಳಿಯುತ್ತದೆ ಅನ್ನುವುದು, 0.5. ಪಕ್ಕದವನು ಎರಡು ಬೆಲೆಗಳ ಸರಾಸರಿ, ಎರಡು ಬೇಡಿಕೆಗಳ ಸರಾಸರಿ ತೆಗೆದುಕೊಂಡು ಮಾಡಿದರೆ ಸುಮಾರು 0.58 ಬರುತ್ತದೆ. ಇಬ್ಬರದ್ದೂ ತಪ್ಪಲ್ಲ, ವಿಧಾನ ಬೇರೆ. ಕ್ಲಾಸಿನಲ್ಲಿ ಯಾವುದನ್ನು ಹೇಳಿಕೊಟ್ಟರೋ ಅದನ್ನೇ ಬಳಸಿ, ಬಳಸಿದ ವಿಧಾನದ ಹೆಸರನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಆಮೇಲೆ ವ್ಯಾಪಾರದ ಕಣ್ಣಿನಿಂದ ಒಮ್ಮೆ ನೋಡಿ: ಮೊದಲು ದಿನಕ್ಕೆ 10,000 ಬರುತ್ತಿತ್ತು, ಈಗ 10,800 ಬರುತ್ತಿದೆ. ಬೆಲೆ ಏರಿಸಿದರೂ ಆದಾಯ ಹೆಚ್ಚಿತು ಅಂದರೆ ಉತ್ತರ ಒಂದಕ್ಕಿಂತ ಕಡಿಮೆ ಇರಲೇಬೇಕು, ಎರಡೂ ಹಾಗೇ ಇವೆ.

ಪ್ರೋಗ್ರಾಮಿಂಗ್ ಮಾಡುವವರು ಕಂಪ್ಯೂಟರ್ ಮುಂದೆ ಕೂರುವ ಮುಂಚೆ ಹಾಳೆಯ ಮೇಲೆ ಓಡಿಸಿ ನೋಡಿ. ಅತಿ ದೊಡ್ಡ ಸಂಖ್ಯೆ ಹುಡುಕುವ ಪ್ರೋಗ್ರಾಂನಲ್ಲಿ ಶುರುವಿನ ಬೆಲೆ ಸೊನ್ನೆ ಅಂತ ಇಟ್ಟು, 4, 9, 2 ಕೊಟ್ಟರೆ 9 ಸರಿಯಾಗಿ ಬರುತ್ತದೆ. -3, -7, -2 ಕೊಡಿ, ಸೊನ್ನೆ ಬರುತ್ತದೆ, ಆ ಸೊನ್ನೆ ಪಟ್ಟಿಯಲ್ಲೇ ಇಲ್ಲ! ಪಟ್ಟಿಯ ಮೊದಲ ಸಂಖ್ಯೆಯನ್ನೇ ಶುರುವಿನ ಬೆಲೆ ಮಾಡಿ. ಎಲ್ಲಾ ಮೈನಸ್, ಒಂದೇ ಒಂದು ಸಂಖ್ಯೆ, ಎಲ್ಲವೂ ಒಂದೇ ಬೆಲೆ, ಖಾಲಿ ಪಟ್ಟಿ, ಇಷ್ಟನ್ನು ಯಾವಾಗಲೂ ಕೊಟ್ಟು ನೋಡಿ.

ಬಿ.ಎ. ಮಕ್ಕಳು ಇತಿಹಾಸದಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ ಅನ್ನುತ್ತಾರೆ. ನಡೆಯುತ್ತದೆ. ಬರೆದ ಪ್ರತಿ ವಾಕ್ಯದ ಪಕ್ಕ "ಇದು ಹೇಗೆ ಗೊತ್ತು?" ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಅಶೋಕನ ಆಡಳಿತ ದಕ್ಷಿಣದಲ್ಲಿ ಹೇಗಿತ್ತು, ವಿಶ್ಲೇಷಿಸಿ ಅಂತ ಪ್ರಶ್ನೆ ಬಂದರೆ ಅವನ ಜೀವನ ಚರಿತ್ರೆ ಎರಡು ಪುಟ ಬರೆಯುವವರೇ ಜಾಸ್ತಿ. ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೇ ಸಾಕ್ಷಿ ಇದೆ. ಶಾಸನ ಸಂಶೋಧಕ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಆ ಶಾಸನ, ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಈ ಬ್ರಹ್ಮಗಿರಿ ಕಡೆಯ ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ. ಅಂದರೆ ಆಜ್ಞೆ ರಾಜಧಾನಿ ಪಾಟಲಿಪುತ್ರದಿಂದ ನೇರವಾಗಿ ಇಲ್ಲಿಗೆ ಬರದೆ ನಡುವೆ ಒಂದು ಕೇಂದ್ರದ ಮೂಲಕ ಬರುತ್ತಿತ್ತು ಅಂತ ನೀವು ಧೈರ್ಯವಾಗಿ ಬರೆಯಬಹುದು. ಬರೆದವನು ಚಪಡ, ಬ್ರಾಹ್ಮಿ ಲಿಪಿಯ ಶಾಸನದ ಕೊನೇ ಪದವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅವನಿಗೆ ಆ ಕಡೆಯ ನಂಟಿತ್ತು ಅನ್ನಲು ಇದು ಆಧಾರ. ಆದರೆ ಜನ ಆ ಆಜ್ಞೆಯನ್ನು ಎಷ್ಟು ಪಾಲಿಸಿದರು ಅನ್ನುವುದನ್ನು ಈ ಕಲ್ಲು ಹೇಳುವುದಿಲ್ಲ, ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ. 'ವಿಶ್ಲೇಷಿಸಿ' ಅಂದರೆ ಇಷ್ಟೇ: ಸಾಕ್ಷಿ ಎಷ್ಟು ಹೇಳುತ್ತದೆ, ಎಲ್ಲಿಗೆ ನಿಲ್ಲುತ್ತದೆ.

ಫೋನಿನ ವಿಷಯ. ಫೋಟೋ ಹೊಡೆದರೆ ಬಿಡಿಸಿ ಕೊಡುವ ಆ್ಯಪ್ ಎಲ್ಲರ ಹತ್ತಿರವೂ ಇದೆ, ನೋಡಲೇಬೇಡಿ ಅಂತ ನಾನು ಹೇಳುವುದಿಲ್ಲ. ಇಪ್ಪತ್ತು ನಿಮಿಷ ನೀವೇ ಒದ್ದಾಡಿ, ಗೆರೆ ಎಳೆದು, ನಿಂತ ಕಾರಣ ಬರೆದ ಮೇಲೆ ನೋಡಿ. ನೋಡುವಾಗಲೂ ನಿಮ್ಮ ಗೆರೆಯ ಮುಂದಿನ ಒಂದೇ ಸಾಲು ಓದಿ, ಫೋನ್ ಮಗುಚಿಟ್ಟು, ಉಳಿದದ್ದನ್ನು ನೀವೇ ಮುಗಿಸಿ. ಅದು ಕೊಟ್ಟ ಉತ್ತರವನ್ನೂ ಮೇಲೆ ಹೇಳಿದ ಹಾಗೆ ಒರೆಗೆ ಹಚ್ಚಿ, ಅದೂ ಅಡಿ ಮೀಟರ್ ಕಲಸಬಹುದು.

ಅಷ್ಟಾದರೂ ಬಾರದಿದ್ದರೆ ಆ ಹಾಳೆಯನ್ನೇ ಹಿಡಿದು ಲೆಕ್ಚರರ್ ಹತ್ತಿರ ಹೋಗಿ. "ಸರ್, ಅರ್ಥ ಆಗಲಿಲ್ಲ" ಅನ್ನಬೇಡಿ. "ಸರ್, ಮೂರನೇ ಸಾಲಿನವರೆಗೆ ಬಂದೆ, ಇಲ್ಲಿಂದ ಹೇಗೆ ಹೋಗಬೇಕು ಗೊತ್ತಾಗಲಿಲ್ಲ" ಅನ್ನಿ. ಕಾರಿಡಾರ್‌ನಲ್ಲಿ ನಿಂತೇ ಎರಡು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಅವರು ಹೇಳಿದ್ದನ್ನು ಗೆರೆಯ ಕೆಳಗೆ ಬೇರೆ ಬಣ್ಣದ ಪೆನ್ನಿನಲ್ಲಿ ಬರೆದುಕೊಳ್ಳಿ. ಎರಡು ದಿನ ಬಿಟ್ಟು, ಅದನ್ನು ನೋಡದೆ, ಅದೇ ಲೆಕ್ಕವನ್ನು ಹೊಸ ಹಾಳೆಯಲ್ಲಿ ಮತ್ತೆ ಮಾಡಿ, ಈ ಸಲ ಗೆರೆ ಎಲ್ಲಿ ಬೀಳುತ್ತದೆ ನೋಡಿ.